ಕ್ರಾಫ್ಟ್ ಅಂಗಡಿಯ ಅಲಂಕಾರ ಸಾಮಾನು ವಾರ್‌ಗೇಮ್ (ಪುಟ್ಟ ಸೈನಿಕ ಬೊಂಬೆಗಳ ಯುದ್ಧದಾಟ) ಮೇಜಿಗೆ ಆಗುತ್ತಾ?

ಆಗುತ್ತದೆ. ಎಲ್ಲವೂ ಅಲ್ಲ, ಆದರೆ ಆಗುವುದು ಎಷ್ಟು ಚೆನ್ನಾಗಿ ಆಗುತ್ತದೆ ಅಂದರೆ ಮರಗಳಿಗಂತೂ ನಾನಿನ್ನು ಟೆರೇನ್, ಅಂದರೆ ಆಟದ ಮೇಜಿನ ಮರ, ಬಂಡೆ, ಕಟ್ಟಡ ಮಾಡುವ ಕಂಪನಿಗಳ ಕಡೆ ನೋಡುವುದಿಲ್ಲ.

ಕ್ರಿಸ್‌ಮಸ್ ಸಾಲಿನಲ್ಲಿ ಸಿಗುವ ಬಾಟಲ್ ಬ್ರಶ್ ಮರಗಳನ್ನು (ಬಾಟಲಿ ತೊಳೆಯುವ ಬ್ರಶ್ಶಿನ ಹಾಗಿರುವ ಪುಟ್ಟ ಅಲಂಕಾರದ ಮರ) ಮೊದಲು ತಗೊಳ್ಳಿ. ಮೇಲಿನ ಮಿನುಗು ಪುಡಿಯನ್ನು ಕೊಡವಿ, ಕತ್ತರಿಯಿಂದ ಅಲ್ಲಲ್ಲಿ ಎಳೆಗಳನ್ನು ಕತ್ತರಿಸಿ. ಆ ನೀಟಾದ ಶಂಕುವಿನ ಆಕಾರ ಹೋದರೆ ಸಾಕು, ಕಾಡಿನ ಮರದ ಕಳೆ ಬಂದುಬಿಡುತ್ತದೆ. ಪ್ರತಿ ಮರದ ಬುಡಕ್ಕೂ ಒಂದು ಕಬ್ಬಿಣದ ವಾಷರ್ ಅಂಟಿಸಿ, ಹಳೆಯ ಸಿಡಿಯ ಮೇಲೆ ಸುಮ್ನೆ ನಿಲ್ಲಿಸಿ. ಸಿಡಿಯ ಅಂಚೇ ಕಾಡಿನ ಗಡಿ. ಸೈನಿಕರು ಒಳಗೆ ಬಂದಾಗ ಮರವನ್ನು ಎತ್ತಿ ಪಕ್ಕಕ್ಕಿಟ್ಟರಾಯಿತು, ಯಾರು ಮರೆಯಲ್ಲಿದ್ದಾರೆ ಅನ್ನುವ ಜಗಳವೇ ಇಲ್ಲ.

ಫೇರಿ ಗಾರ್ಡನ್ (ಕುಂಡದಲ್ಲಿ ಮಾಡುವ ಪುಟಾಣಿ ತೋಟ) ಸಾಲಿನ ರೆಸಿನ್ ಸಾಮಾನೂ ನನಗೆ ಇಷ್ಟ. ಕಲ್ಲಿನ ಸೇತುವೆ, ಬಾವಿ, ಮುರಿದ ಕಂಬ. ತೂಕ ಇರುವುದರಿಂದ ಕೈ ತಗುಲಿದರೂ ಉರುಳುವುದಿಲ್ಲ. ಹೊಳೆಯುವ ಬಣ್ಣ ನೋಡಿ ಬಿಟ್ಟು ಬರಬೇಡಿ. ಕಪ್ಪು ಪ್ರೈಮರ್ ಹೊಡೆದು, ಬೂದು ಬಣ್ಣದಲ್ಲಿ ಡ್ರೈಬ್ರಶ್ ಮಾಡಿ (ಬಣ್ಣ ಒರೆಸಿದ ಒಣ ಬ್ರಶ್ಶನ್ನು ಉಬ್ಬುಗಳ ಮೇಲೆ ಹಗುರವಾಗಿ ಆಡಿಸಿ), ಸಂದುಗಳಿಗೆ ನೀರಾದ ಕಂದು ಬಣ್ಣ ಇಳಿಸಿದರೆ ಕಲ್ಲು ಕಲ್ಲಾಗಿಯೇ ಕಾಣುತ್ತದೆ. ಅಳತೆ ಮಾತ್ರ ಒಂದೊಂದರದೂ ಒಂದೊಂದು ತರಹ. 28 ಮಿಲಿಮೀಟರ್ ಸೈನಿಕನೊಬ್ಬನನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ, ಬಾಗಿಲ ಮುಂದೆ, ಸೇತುವೆ ಮೇಲೆ ನಿಲ್ಲಿಸಿ ನೋಡಿ. 32 ಮಿಲಿಮೀಟರ್ ಬೇಸ್ (ಬೊಂಬೆಯ ಕಾಲಡಿಯ ಬಿಲ್ಲೆ) ಹಿಡಿಸದ ಸೇತುವೆ ಬರೀ ಶೋಕಿ.

ಪಿಂಗಾಣಿಯ ಹಿಮದ ಮನೆಗಳು ನನಗೆ ಹಿಡಿಸಲಿಲ್ಲ. ಚಾವಣಿ ಇಳಿಜಾರು, ನುಣುಪು ಜಾಸ್ತಿ. ಬಿಲ್ಲುಗಾರನನ್ನು ಮೇಲೆ ನಿಲ್ಲಿಸೋಣ ಅಂದರೆ ಜಾರುತ್ತಾನೆ.

ಥರ್ಮೋಕೋಲ್ ಬಂಡೆ, ಕುಂಬಳಕಾಯಿಗಳನ್ನು ಧಾರಾಳವಾಗಿ ಕೊಳ್ಳಿ, ಆದರೆ ನೇರವಾಗಿ ಸ್ಪ್ರೇ ಹೊಡೆಯಬೇಡಿ. ಸ್ಪ್ರೇಯಲ್ಲಿರುವ ದ್ರಾವಕ ಥರ್ಮೋಕೋಲನ್ನು ಕರಗಿಸಿ ಗುಳಿ ಮಾಡುತ್ತದೆ. ಬಿಳಿ ಅಂಟಿಗೆ ಕಪ್ಪು ಅಕ್ರಿಲಿಕ್ ಬಣ್ಣ ಬೆರೆಸಿ ಬ್ರಶ್ಶಿನಿಂದ ದಪ್ಪಗೆ ಬಳಿಯಿರಿ. ಒಂದೇ ಕೆಲಸದಲ್ಲಿ ಬಣ್ಣವೂ ಆಯಿತು, ಕವಚವೂ ಆಯಿತು.

ಪ್ಲಾಸ್ಟಿಕ್ ಎಲೆ, ಬಳ್ಳಿಗಳಿಗೆ ಇಷ್ಟು ಕೆಲಸ ಬೇಡ. ಬಣ್ಣ ಬಳಿದರೂ ಬಾಗಿಸಿದಾಗ ಅದು ಸಿಪ್ಪೆಯ ಹಾಗೆ ಏಳುತ್ತದೆ. ಸೋಪಿನ ನೀರಲ್ಲಿ ತೊಳೆದು, ಇದ್ದ ಹಸಿರಿನಲ್ಲೇ ಪಾಳುಗೋಡೆಗೆ ಅಂಟಿಸಿಬಿಡಿ. ಹಬ್ಬ ಮುಗಿದ ಮೇಲೆ ರಿಯಾಯಿತಿ ಹಾಕುವ ಅಂಗಡಿಯಾದರೆ ಕಾಯಬಹುದು, ಆದರೆ ಮರಗಳಿಗೆ ಕಾಯಬೇಡಿ. ಅವು ಬೇಗ ಖಾಲಿಯಾಗುತ್ತವೆ.