ಹಳೆಯ ಲ್ಯಾಪ್‌ಟಾಪಿನಲ್ಲಿ ಲಿನಕ್ಸ್ ಮಿಂಟ್: ಕ್ಯಾಸೆಟ್ಟಿಗೆ ಒಲಿದದ್ದು, ಒಟಿಟಿಗೆ ಒಲಿಯದ್ದು

ಲಿನಕ್ಸ್ ಮಿಂಟ್‌ನ 20ನೇ ಆವೃತ್ತಿ ಬಂದ 2020ರಿಂದ ಇಂದಿನವರೆಗೂ ನನ್ನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲಿಗೆ ಅದೇ ಕಾರ್ಯಾಚರಣಾ ವ್ಯವಸ್ಥೆ ಓಡುತ್ತಿದೆ. ನಡುವೆ 2022ರಲ್ಲಿ 21 ಬಂತು, 2024ರಲ್ಲಿ 22 ಬಂತು. ಯಂತ್ರ ಮಾತ್ರ ಬದಲಾಗಲಿಲ್ಲ. ಅದರ ಸಿನಮನ್ ಎಂಬ ಡೆಸ್ಕ್‌ಟಾಪ್ ಹೇಗೆ ಕಾಣುತ್ತದೆ, ಎಷ್ಟು ಮೆಮೊರಿ ಬೇಡುತ್ತದೆ ಎಂಬುದೆಲ್ಲ ಹುಡುಕಿದರೆ ಸಿಗುವ ಸಂಗತಿಗಳಾದ್ದರಿಂದ ಇಲ್ಲಿ ಬರೆಯುವುದಿಲ್ಲ. ಧ್ವನಿಯನ್ನೂ ಚಿತ್ರವನ್ನೂ ಕಂಪ್ಯೂಟರಿನಲ್ಲಿ ಕೂಡಿಟ್ಟುಕೊಳ್ಳುವ ಚಾಳಿಯಿರುವವನಿಗೆ ಈ ವ್ಯವಸ್ಥೆ ಎಲ್ಲಿ ಒದಗುತ್ತದೆ, ಎಲ್ಲಿ ಕೈಕೊಡುತ್ತದೆ ಎಂಬುದಷ್ಟೇ ಈ ಬರಹದ ವಿಷಯ.

ನನ್ನ ಲ್ಯಾಪ್‌ಟಾಪಿನಲ್ಲಿರುವುದು ಇಂಟೆಲ್‌ನ 7ನೇ ತಲೆಮಾರಿನ ಪ್ರೊಸೆಸರ್. ವಿಂಡೋಸ್ 11ಕ್ಕೆ, ಬೆರಳೆಣಿಕೆಯ ಅಪವಾದಗಳನ್ನು ಬಿಟ್ಟರೆ, 8ನೇ ತಲೆಮಾರು ಅಥವಾ ಅದರ ನಂತರದ ಇಂಟೆಲ್ ಪ್ರೊಸೆಸರ್ ಬೇಕು, ಜೊತೆಗೆ ಟಿಪಿಎಂ 2.0 ಎಂಬ ಭದ್ರತಾ ಸೌಕರ್ಯ ಇರಬೇಕು. ವಿಂಡೋಸ್ 10ರ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸಿದ ಮೇಲೆ ಈ ಯಂತ್ರ ನನ್ನ ಕೆಲಸಕ್ಕೆ ಧಾರಾಳವಾಗಿ ಸಾಲುತ್ತಿದೆ, ಕೀಲಿಮಣೆಯಂತೂ ಈಗಿನ ತೆಳು ಲ್ಯಾಪ್‌ಟಾಪುಗಳಿಗಿಂತ ಸೊಗಸಾಗಿದೆ. ಹೀಗಿರುವಾಗ ವಿಂಡೋಸ್ 11ರ ಪಟ್ಟಿಯಲ್ಲಿ ಹೆಸರಿಲ್ಲವೆಂಬ ಒಂದೇ ಕಾರಣಕ್ಕೆ 45,000 ರೂಪಾಯಿ ಕೊಟ್ಟು ಹೊಸದನ್ನು ತರುವ ಮನಸ್ಸೂ ಇಲ್ಲ, ಆ ಹಣ ಸುಮ್ಮನೆ ಬಿದ್ದಿರುವ ಸ್ಥಿತಿಯೂ ಇಲ್ಲ.

ವೇಷ, ಕುಣಿತಗಳಿಲ್ಲದೆ ಹಾಡು, ಮಾತುಗಳಲ್ಲಿಯೇ ನಡೆಯುವ ಯಕ್ಷಗಾನವಾದ ತಾಳಮದ್ದಳೆಯ, ಅಪ್ಪ ಕೂಡಿಟ್ಟ ಕ್ಯಾಸೆಟ್ಟುಗಳು ನಮ್ಮ ಮನೆಯಲ್ಲಿ ಟ್ರಂಕುಗಟ್ಟಲೆ ಇವೆ. ಹೊನ್ನಾವರ, ಕುಮಟಾ, ಸಿದ್ದಾಪುರಗಳ ಸುತ್ತಮುತ್ತ ನಡೆದ ಕೂಟಗಳಲ್ಲಿ, ಪದ ಹಾಡುವ ಭಾಗವತರ ಎದುರಿಗೆ ಟೇಪ್ ರೆಕಾರ್ಡರ್ ಇಟ್ಟು ಹಿಡಿದ ಧ್ವನಿ ಅದು. ಅಂಗಡಿಯಲ್ಲಿ ಮಾರಿದ್ದಲ್ಲವಾದ್ದರಿಂದ ಇನ್ನೊಂದು ಪ್ರತಿ ಎಲ್ಲಿಯೂ ಸಿಗುವುದಿಲ್ಲ. ಕರಾವಳಿಯ ತೇವಕ್ಕೆ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿಯುತ್ತದೆ. ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ತುಂಡು ಎಷ್ಟೋ ಕ್ಯಾಸೆಟ್ಟುಗಳಲ್ಲಿ ಅಂಟು ಬಿಟ್ಟು ಉದುರಿಹೋಗಿದೆ. ಆಗ ಸ್ಕ್ರೂಗಳನ್ನು ಬಿಚ್ಚಿ, ಎರಡೂ ಸುರುಳಿಗಳನ್ನು ಟೇಪು ಮಡಚದಂತೆ ಎತ್ತಿ, ಖಾಲಿ ಕ್ಯಾಸೆಟ್ಟೊಂದರ ಒಡಲಿಗೆ ಕೂರಿಸಬೇಕಾಗುತ್ತದೆ. ಹತ್ತಿಗೆ ಸ್ಪಿರಿಟ್ ಹಚ್ಚಿ ಹೆಡ್ ಒರೆಸಿ, ಒಮ್ಮೆ ಪೂರ್ತಿ ಮುಂದಕ್ಕೂ ಒಮ್ಮೆ ಪೂರ್ತಿ ಹಿಂದಕ್ಕೂ ಸುತ್ತಿ ಟೇಪನ್ನು ಸಡಿಲಿಸಿದ ಮೇಲೆಯೇ ಕಂಪ್ಯೂಟರಿನ ಸರದಿ.

ಟೇಪ್ ಡೆಕ್ಕಿನಿಂದ ಹೊರಟ ತಂತಿ ಒಂದು ಅಗ್ಗದ ಯುಎಸ್‌ಬಿ ಸೌಂಡ್ ಕಾರ್ಡಿಗೆ, ಅಲ್ಲಿಂದ ಲ್ಯಾಪ್‌ಟಾಪಿಗೆ. ಈ ಕಾರ್ಡಿಗೆ ಡ್ರೈವರ್ ಹುಡುಕುವ ಪ್ರಸಂಗವೇ ಬರಲಿಲ್ಲ. ಸಿಕ್ಕಿಸಿದೊಡನೆ ಮಿಂಟ್ ಗುರುತಿಸಿತು. ರೆಕಾರ್ಡಿಂಗ್‌ಗೆ ಬಳಸುವುದು ಒಡಾಸಿಟಿ ಎಂಬ ತಂತ್ರಾಂಶ. ಧ್ವನಿಮಟ್ಟವನ್ನು ಭಾಗವತರ ಸ್ವರಕ್ಕೆ ಹೊಂದಿಸಿದರೆ, ಏರುಪದಕ್ಕೆ ಚಂಡೆ ಬಿದ್ದೊಡನೆ ಅಲೆಯ ತುದಿ ಕತ್ತರಿಸಿಹೋಗುತ್ತದೆ, ಡಿಜಿಟಲ್ ರೂಪದಲ್ಲಿ ಒಮ್ಮೆ ಹಾಗೆ ಕತ್ತರಿಸಿಹೋದದ್ದನ್ನು ಮರಳಿ ತರಲಾಗದು. ಆದ್ದರಿಂದ ಮೊದಲು ಚಂಡೆಯ ಜೋರಿನ ಭಾಗವನ್ನು ಹುಡುಕಿ ನುಡಿಸಿ, ಅದು ಮೈನಸ್ 3 ಡೆಸಿಬಲ್ ದಾಟದಂತೆ ಮಟ್ಟ ಇಳಿಸಿ, ಆಮೇಲೆ ಕ್ಯಾಸೆಟ್ಟನ್ನು ಮೊದಲಿನಿಂದ ಹಾಕುತ್ತೇನೆ. ಅರ್ಥಗಾರಿಕೆ, ಅಂದರೆ ಪಾತ್ರಗಳ ಮಾತು, ಶುರುವಾದಾಗಲೊಮ್ಮೆ, ಪದ ಶುರುವಾದಾಗಲೊಮ್ಮೆ ಕಂಟ್ರೋಲ್ ಮತ್ತು ಎಂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ, ರೆಕಾರ್ಡಿಂಗ್ ನಿಲ್ಲಿಸದೆಯೇ ಆ ಜಾಗಕ್ಕೆ ಒಂದು ಲೇಬಲ್ ಬೀಳುತ್ತದೆ. ಕೊನೆಗೆ ಆ ಲೇಬಲ್‌ಗಳ ಪ್ರಕಾರ ಒಡಾಸಿಟಿಯೇ ಕಡತವನ್ನು ತುಂಡು ಮಾಡಿ, ಹೆಸರಿಟ್ಟು ಕೊಡುತ್ತದೆ. ಟೇಪಿನ ಸುಯ್ ಎನ್ನುವ ಸದ್ದನ್ನು ತಗ್ಗಿಸುವ ಸೌಕರ್ಯವೂ ಇದೆಯಾದರೂ ನಾನು 6 ಡೆಸಿಬಲ್‌ಗಿಂತ ಹೆಚ್ಚು ತಗ್ಗಿಸುವುದಿಲ್ಲ. ಅದಕ್ಕೂ ಮೀರಿ ಉಜ್ಜಿದರೆ ಅರ್ಥಧಾರಿಗಳ ಸಕಾರ, ಶಕಾರಗಳು ನೀರೊಳಗಿಂದ ಕೇಳಿದಂತೆ ಆಗುತ್ತವೆ.

ಈ ಕೆಲಸದುದ್ದಕ್ಕೂ ಮಿಂಟ್ ಮಾಡುವ ಅತಿ ದೊಡ್ಡ ಉಪಕಾರವೆಂದರೆ ಸುಮ್ಮನಿರುವುದು. ಹೊಸ ಅಪ್‌ಡೇಟ್ ಬಂದಿದ್ದರೆ ಮೂಲೆಯ ಗುರಾಣಿ ಚಿಹ್ನೆ ಬದಲಾಗುತ್ತದೆ, ಅಷ್ಟೇ. ಹಾಕಿಕೊಳ್ಳುವುದೂ ರೀಸ್ಟಾರ್ಟ್ ಮಾಡುವುದೂ ನನ್ನ ಅನುಕೂಲಕ್ಕೆ ಬಿಟ್ಟದ್ದು. ಒಂದೂವರೆ ಗಂಟೆಯ ಕ್ಯಾಸೆಟ್ಟಿಗೆ ಒಂದೂವರೆ ಗಂಟೆಯೇ ಹಿಡಿಯುವ ಈ ಉದ್ಯೋಗದಲ್ಲಿ, ನಡುವೆ ಯಾರೂ ಬಾಗಿಲು ತಟ್ಟುವುದಿಲ್ಲವೆಂಬ ಭರವಸೆಗೆ ಬೆಲೆ ಕಟ್ಟಲಾಗದು. ಹಾಗೆಂದು ಎಲ್ಲವೂ ನಯವಾಗಿದೆ ಎಂದಲ್ಲ. ಒಡಾಸಿಟಿಯಲ್ಲಿ ಮೈಕ್ ಆಯ್ಕೆ ಮಾಡುವ ಪಟ್ಟಿಯನ್ನು ತೆರೆದರೆ ಇರುವ ಎರಡು ಸಾಧನಗಳಿಗೆ ಹತ್ತು ಹೆಸರುಗಳು ಕಾಣಿಸುತ್ತವೆ, ಅವುಗಳಲ್ಲಿ ಅರ್ಧದಷ್ಟು ಎಂಜಿನಿಯರುಗಳಿಗೆ ಮಾತ್ರ ಅರ್ಥವಾಗುವಂಥವು. 22ನೇ ಆವೃತ್ತಿಯಲ್ಲಿ ಧ್ವನಿಯ ಹೊಣೆ ಪಲ್ಸ್‌ಆಡಿಯೋ ಎಂಬ ತಂತ್ರಾಂಶದಿಂದ ಪೈಪ್‌ವೈರ್ ಎಂಬ ಹೊಸದಕ್ಕೆ ಬಂದ ಮೇಲೆ ಬ್ಲೂಟೂತ್ ಹೆಡ್‌ಫೋನ್ ಮತ್ತು ಯುಎಸ್‌ಬಿ ಕಾರ್ಡ್ ಒಟ್ಟಿಗೆ ಬಳಸುವುದು ನನಗೆ ಸಲೀಸಾಗಿದೆ, ಆದರೆ ಆ ಹೆಸರುಗಳ ಜಾತ್ರೆ ಮಾತ್ರ ಹಾಗೆಯೇ ಇದೆ.

ಸಿಡಿಯ ಗುಣಮಟ್ಟದಲ್ಲಿ, ಅಂದರೆ 44.1 ಕಿಲೋಹರ್ಟ್ಸ್, 16 ಬಿಟ್, ಸ್ಟೀರಿಯೋದಲ್ಲಿ ಹಿಡಿದರೆ, 90 ನಿಮಿಷದ ಒಂದು ಕ್ಯಾಸೆಟ್ ಸುಮಾರು 950 ಎಂಬಿ ಆಗುತ್ತದೆ. ಅದನ್ನು ಫ್ಲ್ಯಾಕ್ ಎಂಬ ಕಡತ ರೂಪಕ್ಕೆ ತಂದರೆ ಒಂದು ಬಿಟ್ಟೂ ನಷ್ಟವಾಗದೆ ಅರ್ಧದ ಆಸುಪಾಸಿಗೆ ಇಳಿಯುತ್ತದೆ. ಫ್ಲ್ಯಾಕ್ ಯಾವ ಕಂಪನಿಯ ಸ್ವತ್ತೂ ಅಲ್ಲ. 2001ರಿಂದ ಬಳಕೆಯಲ್ಲಿದ್ದು, 2024ರ ಡಿಸೆಂಬರ್‌ನಲ್ಲಿ ಅಧಿಕೃತ ಅಂತರ್ಜಾಲ ಮಾನದಂಡವಾಗಿಯೂ ಪ್ರಕಟವಾಯಿತು. ನಾಳೆ ಯಾವ ಪ್ಲೇಯರ್ ಬಂದರೂ ಓದಬಲ್ಲದು ಎಂಬ ನಂಬಿಕೆಯಿಂದ ಮೂಲಪ್ರತಿಯನ್ನು ಅದರಲ್ಲಿಟ್ಟಿದ್ದೇನೆ. ಫೋನಿನಲ್ಲಿ ಕೇಳಲು 64 ಕೆಬಿಪಿಎಸ್‌ನ, ಓಪಸ್ ಎಂಬ ಇನ್ನೂ ಚಿಕ್ಕ ರೂಪದ ಪ್ರತಿ ಸಾಕು. ಇಡೀ ಕ್ಯಾಸೆಟ್ 45 ಎಂಬಿಯೊಳಗೆ ಕೂರುತ್ತದೆ, ಮಾತಿನ ಸ್ಪಷ್ಟತೆಗೆ ಏನೂ ಕೊರತೆಯಿಲ್ಲ. ಭಾವನ ಕಾರಿನ ಸ್ಟೀರಿಯೋಗೆ ಮಾತ್ರ ಈ ಎರಡೂ ಗೊತ್ತಿಲ್ಲದ ಕಾರಣ ಎಂಪಿ3 ಬೇಕೇ ಬೇಕು. ಅದರ ಪರದೆಯಲ್ಲಿ ಕನ್ನಡದ ಹೆಸರುಗಳು ಸಾಲುಸಾಲು ಚೌಕಗಳಾಗಿ ಕಾಣುತ್ತವೆ ಎಂಬುದು ಬೇರೆ ಮಾತು.

ಕನ್ನಡದ ಮಾತು ಬಂದದ್ದರಿಂದ ಹೇಳಲೇಬೇಕಾದ ಒಂದು ಸಂಗತಿಯಿದೆ. ಮಿಂಟ್‌ನಲ್ಲಿ ಕನ್ನಡ ಓದಲು ಏನನ್ನೂ ಮಾಡಬೇಕಿಲ್ಲ, ಒತ್ತಕ್ಷರಗಳು ಒಡೆಯದೆ ಮೂಡುತ್ತವೆ. ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರು ಐಬಸ್ ಎಂಬ ಟೈಪಿಂಗ್ ತಂತ್ರಾಂಶ ಹಾಕಿಕೊಂಡು ಕಗಪ ಕೀಲಿಮಣೆ ವಿನ್ಯಾಸವನ್ನು ಆರಿಸಿಕೊಂಡರೆ ಅದೇ ಎಫ್ ಕೀಲಿಗೆ ಅರ್ಧಾಕ್ಷರ ಸಿಗುತ್ತದೆ. ತೊಡಕಿರುವುದು ಕಡತದ ಹೆಸರಿನಲ್ಲಿ. ಮಿಂಟ್ ಬಳಸುವ ಎಕ್ಸ್ಟ್4 ಕಡತ ವ್ಯವಸ್ಥೆಯಲ್ಲಿ ಒಂದು ಹೆಸರಿಗೆ 255 ಬೈಟ್‌ಗಳ ಮಿತಿ. ಇಂಗ್ಲಿಷಿನ ಒಂದು ಅಕ್ಷರ ಒಂದು ಬೈಟಿನಲ್ಲಿ ಮುಗಿದರೆ, ಕನ್ನಡದ ಪ್ರತಿಯೊಂದು ಸಂಕೇತಕ್ಕೂ ಮೂರು ಬೈಟ್ ಬೇಕು. ಅದರಲ್ಲಿಯೂ ಒತ್ತು, ಗುಣಿತಗಳಿಗೆ ಪ್ರತ್ಯೇಕ ಲೆಕ್ಕ. ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ ‘ಸ್ತ್ರೀ’ 18 ಬೈಟುಗಳನ್ನು ನುಂಗುತ್ತದೆ. ಒಟ್ಟಿನಲ್ಲಿ 85 ಸಂಕೇತಗಳಿಗೆ ಹೆಸರು ಮುಗಿಯಬೇಕು. ವಿಂಡೋಸ್‌ನ ಕಡತ ವ್ಯವಸ್ಥೆಯಾದ ಎನ್‌ಟಿಎಫ್‌ಎಸ್‌ನಲ್ಲಿ ಇದೇ ಮಿತಿ 255 ಸಂಕೇತಗಳಷ್ಟಿರುವುದರಿಂದ, ಅಲ್ಲಿ ಪ್ರಸಂಗ, ಭಾಗವತರು, ಅರ್ಥಧಾರಿಗಳು, ಊರು, ವರ್ಷ ಎಲ್ಲವನ್ನೂ ಸೇರಿಸಿ ಇಟ್ಟ ಉದ್ದನೆಯ ಹೆಸರು ಇಲ್ಲಿಗೆ ನಕಲಾಗದೆ ‘ಹೆಸರು ತೀರ ಉದ್ದ’ ಎಂದು ನಿಂತುಬಿಡುತ್ತದೆ. ಈಗ ನಾನು ಹೆಸರಿನಲ್ಲಿ ಪ್ರಸಂಗ, ಊರು, ವರ್ಷ ಮಾತ್ರ ಇಟ್ಟು, ಉಳಿದದ್ದನ್ನೆಲ್ಲ ಕಡತದೊಳಗಿನ ಟ್ಯಾಗಿನಲ್ಲಿ ಬರೆಯುತ್ತೇನೆ. ಇಂಗ್ಲಿಷ್ ಬಳಸುವವರಿಗೆ ಬಹುಶಃ ಎಂದೂ ಎದುರಾಗದ ಮಿತಿ ಇದು. ನಮಗೆ ಮೊದಲ ವಾರದಲ್ಲಿಯೇ ಅಡ್ಡ ಬರುತ್ತದೆ.

ಇಷ್ಟಕ್ಕೇ ನಿಲ್ಲಿಸಿದ್ದರೆ ಐದಕ್ಕೆ ಐದು ಅಂಕ ಕೊಡುತ್ತಿದ್ದೆ. ಆದರೆ ಮನೆಯವರೆಲ್ಲ ಕೂತು ಹೊಸ ಕನ್ನಡ ಸಿನಿಮಾ ನೋಡೋಣವೆಂದು ಇದೇ ಲ್ಯಾಪ್‌ಟಾಪನ್ನು ಎಚ್‌ಡಿಎಂಐ ತಂತಿಯಿಂದ ಟಿವಿಗೆ ಜೋಡಿಸಿದಾಗ ಕಾಣುವ ಚಿತ್ರ ಆ ಉತ್ಸಾಹವನ್ನು ಇಳಿಸಿಬಿಡುತ್ತದೆ. ವರ್ಷದ ಚಂದಾವನ್ನು ಮುಂಗಡವಾಗಿ ಕಟ್ಟಿದ್ದರೂ, ಇಂಟರ್ನೆಟ್ ವೇಗ ಸಾಕಷ್ಟಿದ್ದರೂ, ದೂರದ ಮುಖಗಳು ಮಸುಕು, ಮಳೆಯ ದೃಶ್ಯವಂತೂ ಬರಿಯ ಕಲಸುಮೇಲೋಗರ. ಅದೇ ಖಾತೆ ಹತ್ತು ಸಾವಿರದ ಫೋನಿನಲ್ಲಿ ನಿಚ್ಚಳವಾಗಿ ಓಡುತ್ತದೆ. ಗ್ರಾಹಕ ಸೇವೆಗೆ ಫೋನ್ ಮಾಡಿದರೆ, ‘ನಿಮ್ಮ ಡಿವೈಸ್ ಎಚ್‌ಡಿಗೆ ಸಪೋರ್ಟ್ ಆಗಲ್ಲ ಸರ್’ ಎಂದು ಹೇಳಿ, ಬೇರೆ ಏನಾದರೂ ಸಹಾಯ ಬೇಕೇ ಎಂದು ಕೇಳಿದರು.

ಡಿವೈಸಿಗೆ ಶಕ್ತಿಯಿಲ್ಲವೆಂಬುದು ಸುಳ್ಳು. ನನ್ನದೇ ಫೋನಿನಲ್ಲಿ ಚಿತ್ರೀಕರಿಸಿದ 1080 ಗೆರೆಗಳ ವಿಡಿಯೋವನ್ನು ಇದೇ ಯಂತ್ರದಲ್ಲಿ, ಇದೇ ಟಿವಿಯ ಮೇಲೆ, ವಿಎಲ್‌ಸಿ ಪ್ಲೇಯರ್ ಒಂದು ಫ್ರೇಮೂ ಬಿಡದೆ ತೋರಿಸುತ್ತದೆ. ಕಾರಣ ಬೇರೆ. 2017ರಿಂದ, ವೆಬ್‌ನ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿಯ ಮಾನದಂಡವೇ ಆಗಿರುವ ಏರ್ಪಾಟಿನ ಪ್ರಕಾರ, ಬ್ರೌಸರು ನಕಲು ಮಾಡದಂತೆ ಬೀಗ ಹಾಕಿದ ವಿಡಿಯೋವನ್ನು ತೆರೆಯುವ ಕೆಲಸವನ್ನು ಒಂದು ಮುಚ್ಚಿದ ಪೆಟ್ಟಿಗೆಯಂಥ ತಂತ್ರಾಂಶಕ್ಕೆ ಒಪ್ಪಿಸುತ್ತದೆ. ಕ್ರೋಮ್ ಮತ್ತು ಫೈರ್‌ಫಾಕ್ಸ್‌ಗಳಲ್ಲಿ ಅದು ಗೂಗಲ್‌ನ ವೈಡ್‌ವೈನ್. ಅದರಲ್ಲಿ ಎಲ್1 ಎಂಬ ಹಂತದಲ್ಲಿ ಬೀಗ ತೆರೆಯುವುದು ಪ್ರೊಸೆಸರಿನ ರಕ್ಷಿತ ಭಾಗದೊಳಗೆ. ಎಲ್3 ಹಂತದಲ್ಲಿ ಸಾಮಾನ್ಯ ತಂತ್ರಾಂಶದ ಮಟ್ಟದಲ್ಲಿ. ಸಾಮಾನ್ಯ ಲಿನಕ್ಸ್ ಡೆಸ್ಕ್‌ಟಾಪಿಗೆ ಸಿಗುವುದು ಎಲ್3 ಮಾತ್ರ, ಹಲವು ಒಟಿಟಿ ಸೇವೆಗಳು ಎಲ್3 ಎಂದು ಕಂಡೊಡನೆ ಚಿತ್ರವನ್ನು 480 ಇಲ್ಲವೇ 720 ಗೆರೆಗಳಿಗೆ ಇಳಿಸುತ್ತವೆ.

ಆಂಡ್ರಾಯ್ಡ್ ಫೋನು ನಿಂತಿರುವುದೂ ಲಿನಕ್ಸ್ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳಿನ ಮೇಲೆಯೇ ಎಂಬುದನ್ನು ನೆನೆದರೆ ವಿಷಯ ತಿಳಿಯಾಗುತ್ತದೆ. ಫೋನಿನಲ್ಲಿ ಬೀಗದ ಕೈ ತಯಾರಕರ ಬಳಿಯಿದೆ, ಬಳಕೆದಾರ ಅದನ್ನು ಮುಟ್ಟಲಾರ. ಮಿಂಟ್‌ನಲ್ಲಿ ಯಂತ್ರದ ಒಡೆಯ ನಾನೇ; ಯಾವ ಭಾಗವನ್ನಾದರೂ ಬದಲಿಸಬಲ್ಲೆ, ಪರದೆಗೆ ಹೋಗುವ ಚಿತ್ರವನ್ನೂ ಸ್ಪೀಕರಿಗೆ ಹೋಗುವ ಧ್ವನಿಯನ್ನೂ ನಡುದಾರಿಯಲ್ಲಿ ಹಿಡಿಯಬಲ್ಲೆ. ಕ್ಯಾಸೆಟ್ಟಿನ ಕೆಲಸದಲ್ಲಿ ನನಗೆ ಸುಖ ಕೊಟ್ಟದ್ದು ಇದೇ ಗುಣ, ಸಿನಿಮಾ ಕಂಪನಿಗಳ ಕಣ್ಣಿಗೆ ನನ್ನನ್ನು ಅನುಮಾನಾಸ್ಪದನನ್ನಾಗಿ ಮಾಡುವುದೂ ಇದೇ ಗುಣ. ಹಾಗಾಗಿ ಈ ದೋಷವನ್ನು ಮಿಂಟ್‌ನ ಸ್ವಯಂಸೇವಕರು ಎಷ್ಟು ದುಡಿದರೂ ಸರಿಪಡಿಸಲಾರರು. ಹಣ ಕೊಟ್ಟು, ನಿಯಮದೊಳಗೆ ನಿಂತು ನೋಡುವವನಿಗೆ ಮಸುಕು ಚಿತ್ರ ಕೊಡುವ ಈ ಕಾವಲು ಕಳ್ಳಪ್ರತಿಗಳನ್ನು ತಡೆದಿದೆಯೇ ಎಂದರೆ ಅದೂ ಇಲ್ಲ. ಸಿನಿಮಾ ಬಂದ ಮರುದಿನವೇ ಊರಿನ ಹುಡುಗರ ಫೋನುಗಳಲ್ಲಿ ಅದು ಹರಿದಾಡುತ್ತಿರುತ್ತದೆ.

ಚಂದಾ ಕಟ್ಟಿ ನೋಡುವ ಬಾಡಿಗೆಯ ಮಾತು ಹಾಗಿರಲಿ, ‘ಕೊಂಡದ್ದು’ ಕೂಡ ನಮ್ಮದೆಂದು ಹೇಳುವಂತಿಲ್ಲ. ಮೈಕ್ರೋಸಾಫ್ಟ್ 2019ರಲ್ಲಿ ತನ್ನ ಇ-ಪುಸ್ತಕದ ಅಂಗಡಿಯನ್ನು ಮುಚ್ಚಿದಾಗ, ಗ್ರಾಹಕರ ಹಣವನ್ನು ಮರಳಿಸಿತು ನಿಜ, ಆದರೆ ಅವರು ಕೊಂಡಿದ್ದ ಪುಸ್ತಕಗಳು ಓದಲು ಸಿಗದಂತಾದವು. ಅಮೆಜಾನ್ 2025ರ ಫೆಬ್ರವರಿಯಲ್ಲಿ, ಕೊಂಡ ಕಿಂಡಲ್ ಪುಸ್ತಕಗಳನ್ನು ಕಂಪ್ಯೂಟರಿಗೆ ಇಳಿಸಿಕೊಂಡು ತಂತಿಯ ಮೂಲಕ ಸಾಗಿಸುವ ಸೌಲಭ್ಯವನ್ನು ತೆಗೆದುಹಾಕಿತು. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿಯಿಂದ ಜಾರಿಗೆ ಬಂದ ಕಾನೂನಿನಂತೆ, ಮರಳಿ ಕಸಿದುಕೊಳ್ಳಬಹುದಾದ ಡಿಜಿಟಲ್ ಸರಕನ್ನು ಮಾರುವಾಗ, ಇದು ಬಳಸುವ ಪರವಾನಗಿ ಮಾತ್ರ ಎಂದು ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕು. ಬೂಷ್ಟು ಹಿಡಿದ ಕ್ಯಾಸೆಟ್ಟಿನಿಂದ ಧ್ವನಿ ಎತ್ತಿ ಉಳಿಸಿಕೊಳ್ಳುವ ನನಗೆ, ಮೊನ್ನೆ ನೋಡಿದ ಸಿನಿಮಾ ಬರುವ ವರ್ಷ ಅದೇ ಜಾಗದಲ್ಲಿ ಇರುತ್ತದೆಂದು ಹೇಳುವ ಧೈರ್ಯವಿಲ್ಲ.

ಸದ್ಯಕ್ಕೆ ಕೆಲಸವನ್ನು ಹಂಚಿದ್ದೇನೆ. ಒಟಿಟಿಗಾಗಿ ಟಿವಿಯ ಹಿಂಬದಿಗೆ ಒಂದು ಸ್ಟ್ರೀಮಿಂಗ್ ಸ್ಟಿಕ್ ಸಿಕ್ಕಿಸಿದ್ದಾಯಿತು. ನಾನು ಇಷ್ಟಪಟ್ಟು ಮಾಡಿದ ಖರ್ಚಲ್ಲ ಅದು. ಲ್ಯಾಪ್‌ಟಾಪಿನಲ್ಲಿ ನನ್ನ ಸ್ವಂತ ಕಡತಗಳು ಮಾತ್ರ. ಅವುಗಳ ಒಂದು ಪ್ರತಿ ಮನೆಯ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಶಿರಸಿಯಲ್ಲಿರುವ ತಂಗಿಯ ಮನೆಯಲ್ಲಿ. ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ, ಅಷ್ಟರೊಳಗೆ ಈ ಲ್ಯಾಪ್‌ಟಾಪಿನ ಪರದೆಯ ಹಿಂಜೇ ಮೊದಲು ಸೋಲುವ ಲಕ್ಷಣಗಳಿವೆ.

ಹಳೆಯ ಯಂತ್ರವಿದ್ದು, ಹಾಡು, ಭಾಷಣ, ಕುಟುಂಬದ ವಿಡಿಯೋಗಳನ್ನು ಜೋಪಾನ ಮಾಡುವವರಿಗೆ ನಾಲ್ಕು ಅಂಕ ಕೊಟ್ಟು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ಲ್ಯಾಪ್‌ಟಾಪಿನಲ್ಲಿಯೇ ಒಟಿಟಿ ನೋಡುವ ರೂಢಿಯಿರುವವರು ಮಾತ್ರ ಇರುವ ವ್ಯವಸ್ಥೆಯನ್ನು ಅಳಿಸುವ ಮೊದಲು ಮಿಂಟನ್ನು ಪೆನ್‌ಡ್ರೈವ್‌ನಿಂದ ಬೂಟ್ ಮಾಡಿಕೊಳ್ಳಿ. ಇನ್‌ಸ್ಟಾಲ್ ಮಾಡದೆ ಫೈರ್‌ಫಾಕ್ಸ್ ತೆರೆದು, ನಿಮ್ಮ ಖಾತೆಗೆ ಲಾಗಿನ್ ಆಗಿ, ಕತ್ತಲಿನ ದೃಶ್ಯವೊಂದನ್ನು ಐದು ನಿಮಿಷ ದೊಡ್ಡ ಪರದೆಯಲ್ಲಿ ಓಡಿಸಿ ನೋಡಿ, ಆಮೇಲೆ ತೀರ್ಮಾನಿಸಿ.