ಹಳೇ ಸಾಮಾನು ಮಾರಲು, ಕೊಳ್ಳಲು ಯುಪಿಐ: ಎಂಟು ವರ್ಷ ಬಳಸಿದ ಮೇಲೆ

2018ರಲ್ಲಿ ಮಗನ ತೊಟ್ಟಿಲು ಮಾರಿದಾಗ ಮೊದಲ ಸಲ ಯುಪಿಐನಲ್ಲಿ ದುಡ್ಡು ತೆಗೆದುಕೊಂಡೆ. ನಾವಿರುವುದು ಮೈಸೂರಿನ ಕುವೆಂಪುನಗರದಲ್ಲಿ. ತೊಟ್ಟಿಲು ಕೊಂಡವರು ವಿಜಯನಗರದಿಂದ ಆಟೋ ಮಾಡಿಕೊಂಡು ಬಂದಿದ್ದರು. ಅವರು ಫೋನಿನಲ್ಲಿ ₹1,500 ಒತ್ತಿದರು, ನನ್ನ ಫೋನು ಟಿಂಗ್ ಅಂದಿತು. ಚಿಲ್ಲರೆ ಹುಡುಕುವುದಿಲ್ಲ, ಎಟಿಎಂಗೆ ಓಡುವುದಿಲ್ಲ. ತುಂಬಾ ಖುಷಿಯಾಯಿತು. ಆಮೇಲೆ ಸೈಕಲ್, ಫ್ರಿಜ್, ಓದುವ ಮೇಜು, ಎರಡು ಫೋನು, ಒಂದು ಸ್ಕೂಟರ್ ಹೀಗೆ ಮಾರಿದ್ದು, ಕೊಂಡಿದ್ದು ಸೇರಿ ನಲವತ್ತು ವ್ಯವಹಾರ ದಾಟಿರಬೇಕು. ಮುಕ್ಕಾಲು ಪಾಲು ಯುಪಿಐನಲ್ಲೇ ಆಗಿದೆ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಉಳಿದ ಒಂದು ಅಂಕ ಯಾಕೆ ಕೊಡುವುದಿಲ್ಲ ಅನ್ನುವುದನ್ನೇ ಜಾಸ್ತಿ ಹೇಳಬೇಕು. ಅದರ ಹಿಂದೆ ನಮ್ಮಮ್ಮನ ₹4,500 ಇದೆ.

2019ರಲ್ಲಿ ಅಮ್ಮ ತನ್ನ ಹೊಲಿಗೆ ಮಷಿನ್ ಮಾರಲು ಹೊರಟಳು. ಮಂಡಿ ನೋವು, ಪೆಡಲ್ ತುಳಿಯಲು ಆಗುತ್ತಿರಲಿಲ್ಲ. ಹಳೇ ಸಾಮಾನಿನ ಆ್ಯಪ್ ಒಂದರಲ್ಲಿ ನಾನೇ ಫೋಟೊ ಹಾಕಿ, ಅಮ್ಮನ ನಂಬರ್ ಕೊಟ್ಟೆ. ಅರ್ಧ ಗಂಟೆಯೊಳಗೆ ಫೋನು ಬಂತು. ಮಾತಾಡಿದವನು ಹಿಂದಿಯವನು. ತಾನು ಸೇನೆಯಲ್ಲಿದ್ದೇನೆ, ವರ್ಗವಾಗಿ ಮೈಸೂರಿಗೆ ಬಂದಿದ್ದೇನೆ, ಹೆಂಡತಿಗೆ ಮಷಿನ್ ಬೇಕು ಅಂದ. ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಇದ್ದವರು, ಹಾಗಾಗಿ ಅಮ್ಮನಿಗೆ ಹಿಂದಿ ತಕ್ಕಮಟ್ಟಿಗೆ ಬರುತ್ತದೆ. ಅವನು ಚೌಕಾಸಿಯನ್ನೇ ಮಾಡಲಿಲ್ಲ. ಸಮವಸ್ತ್ರದ ಫೋಟೊ, ಗುರುತಿನ ಚೀಟಿಯ ಫೋಟೊ ಎಲ್ಲ ಕಳಿಸಿದ. 'ದುಡ್ಡು ಈಗಲೇ ಹಾಕುತ್ತೇನೆ, ಮಷಿನ್ ತೆಗೆದುಕೊಳ್ಳಲು ನಮ್ಮ ಹುಡುಗ ಸಂಜೆ ಬರುತ್ತಾನೆ' ಅಂದ.

ಮೊದಲು ಐದು ರೂಪಾಯಿಯ ಕ್ಯೂಆರ್ ಕೋಡ್ ಕಳಿಸಿ, ಖಾತೆ ಸರಿ ಇದೆಯಾ ನೋಡೋಣ, ಸ್ಕ್ಯಾನ್ ಮಾಡಿ ಅಂದ. ಅಮ್ಮ ಮಾಡಿದಳು. ಐದು ರೂಪಾಯಿ ಹೋಯಿತು, ಕೂಡಲೇ ಹತ್ತು ರೂಪಾಯಿ ಬಂತು. ನಂಬಿಕೆ ಬಂದಿದ್ದೇ ಅಲ್ಲಿ. ಆಮೇಲೆ ₹4,500ರ ಕೋಡ್ ಬಂತು. ಸ್ಕ್ಯಾನ್ ಮಾಡಿ ಪಿನ್ ಒತ್ತಿದಳು. ಖಾತೆಯಿಂದ ₹4,500 ಹೋಗೇ ಹೋಯಿತು. 'ತಪ್ಪಾಯಿತು, ಇನ್ನೊಂದು ಸಲ ಮಾಡಿದರೆ ಎರಡೂ ವಾಪಸ್ ಬರುತ್ತದೆ' ಅಂದಾಗ ಅಮ್ಮನಿಗೆ ಗೊತ್ತಾಗಿ ನನಗೆ ಫೋನ್ ಮಾಡಿದಳು. ಬ್ಯಾಂಕಿಗೆ ಹೋದೆವು, ಪೊಲೀಸರಿಗೆ ದೂರು ಕೊಟ್ಟೆವು. ದುಡ್ಡು ಬರಲಿಲ್ಲ.

ಇದು ಅಮ್ಮನ ದಡ್ಡತನ ಅಂತ ಯಾರಾದರೂ ಹೇಳಿದರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆ ಪರದೆಯನ್ನು ಆಮೇಲೆ ನಾನೇ ಕೂತು ನೋಡಿದೆ. ದೊಡ್ಡದಾಗಿ ಕಾಣುವುದು 4,500 ಅನ್ನುವ ಅಂಕಿ. ದುಡ್ಡು ಕೊಡು ಅನ್ನುವ ಮಾತು ಇಂಗ್ಲಿಷಿನಲ್ಲಿ ಚಿಕ್ಕದಾಗಿ ಇರುತ್ತದೆ. ಅಮ್ಮ ಕಾಯುತ್ತಿದ್ದದ್ದೂ ಅದೇ 4,500ಕ್ಕೆ. ಅಂಕಿ ಸರಿ ಇದೆ ಅಂತ ಪಿನ್ ಒತ್ತಿದಳು. ಅವತ್ತೇ ಅವಳ ಆ್ಯಪಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿದೆ. ಸೆಟ್ಟಿಂಗ್‌ನಲ್ಲಿ ಎರಡು ನಿಮಿಷದ ಕೆಲಸ. ಮನೆಯ ಹಿರಿಯರ ಫೋನಿನಲ್ಲಿ ದಯವಿಟ್ಟು ಇದನ್ನು ಮಾಡಿಕೊಡಿ. 'ಪಾವತಿಸಿ' ಅಂತ ಕನ್ನಡದಲ್ಲಿ ಕಂಡಿದ್ದರೆ ಅವಳು ಅಲ್ಲೇ ನಿಲ್ಲುತ್ತಿದ್ದಳು.

ಪಿನ್ ಬೇಕಾಗುವುದು ದುಡ್ಡು ಕೊಡುವಾಗ, ಇಲ್ಲವೇ ನಮ್ಮ ಬ್ಯಾಲೆನ್ಸ್ ನೋಡುವಾಗ. ದುಡ್ಡು ಬರುವುದಕ್ಕೆ ಪಿನ್ ಬೇಡ, ಸ್ಕ್ಯಾನ್ ಬೇಡ, ಲಿಂಕ್ ಬೇಡ. ಮಾರುವವರು ತಮ್ಮ ಕೋಡ್ ತೋರಿಸಬೇಕು, ಸ್ಕ್ಯಾನ್ ಮಾಡುವ ಕೆಲಸ ಕೊಳ್ಳುವವರದ್ದು. ಆಗ ಇದನ್ನು ನಮಗೆ ಯಾರಾದರೂ ಹೇಳಿದ್ದರೆ ಸಾಕಾಗಿತ್ತು.

ಯುಪಿಐ ನಡೆಸುವ ಎನ್‌ಪಿಸಿಐ ಇಷ್ಟು ವರ್ಷದಲ್ಲಿ ಕೆಲವು ಒಳ್ಳೆಯ ಬದಲಾವಣೆ ಮಾಡಿದೆ. ಯಾರೋ ಗುರುತಿಲ್ಲದವರು ನಮಗೆ 'ದುಡ್ಡು ಕೊಡಿ' ಅಂತ ಕೋರಿಕೆ ಕಳಿಸುವ ಸೌಲಭ್ಯ ಇತ್ತಲ್ಲ, ಕಲೆಕ್ಟ್ ರಿಕ್ವೆಸ್ಟ್ ಅಂತ? ವ್ಯಕ್ತಿಯಿಂದ ವ್ಯಕ್ತಿಗೆ ಅದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಿದ್ದಾರೆ. ಮೋಸಗಾರರ ಒಂದು ದೊಡ್ಡ ದಾರಿ ಮುಚ್ಚಿತು. ಅದೇ ವರ್ಷ ಜೂನ್ ಕೊನೆಯಿಂದ, ದುಡ್ಡು ಕಳಿಸುವಾಗ ಬ್ಯಾಂಕಿನಲ್ಲಿ ನೋಂದಾಯಿಸಿದ ಹೆಸರನ್ನೇ ಆ್ಯಪ್ ತೋರಿಸಬೇಕು ಅನ್ನುವ ನಿಯಮ ಬಂತು. ಕ್ಯೂಆರ್ ಕೋಡಿನ ಮೋಸ ಮಾತ್ರ ಈಗಲೂ ಇದೆ. ಕಳೆದ ದೀಪಾವಳಿಗೆ ಮಂಚ ಮಾರಲು ಹಾಕಿದಾಗ ನನಗೇ ಒಂದು ಕೋಡ್ ಬಂದಿತ್ತು.

ನನ್ನ ಅನುಭವದಲ್ಲಿ ಯುಪಿಐ ಅಂದರೆ ಕೈಗೆ ಕೊಟ್ಟ ನಗದೇ. ಜನ ಇದನ್ನು ಆನ್‌ಲೈನ್ ಅಂಗಡಿಯ ಹಾಗೆ ಅಂದುಕೊಂಡಿದ್ದಾರೆ. ಅಂಗಡಿಯಾದರೆ ಸಾಮಾನು ಸರಿಯಿಲ್ಲ ಅಂತ ವಾಪಸ್ ಮಾಡಬಹುದು. ಇಲ್ಲಿ ಹಾಗಲ್ಲ. ಪಿನ್ ಒತ್ತಿದ ಮೇಲೆ ದುಡ್ಡು ಆ ಮನುಷ್ಯನದ್ದು. ಸಾಮಾನು ಕೈಗೆ ಬರುವವರೆಗೆ ಅದನ್ನು ಹಿಡಿದಿಟ್ಟುಕೊಳ್ಳುವ ಮೂರನೆಯವರು ಯಾರೂ ಇಲ್ಲ. ನಾನು ಕೊಡದೇ ಉಳಿಸಿಕೊಂಡ ಒಂದು ಅಂಕ ಇದಕ್ಕೇ. ಹಾಗಾಗಿ ಸಾಮಾನು ನೋಡದೆ, ಮುಟ್ಟದೆ, ಸ್ವಿಚ್ ಹಾಕಿ ಪರೀಕ್ಷೆ ಮಾಡದೆ ಒಂದು ರೂಪಾಯಿಯನ್ನೂ ಹಾಕುವುದಿಲ್ಲ. 'ತುಂಬಾ ಜನ ಕೇಳ್ತಿದಾರೆ ಮೇಡಂ, ಟೋಕನ್ ಹಾಕಿದ್ರೆ ನಿಮಗೇ ಇಡ್ತೀನಿ' ಅಂದರೆ, ಬೇರೆಯವರಿಗೇ ಕೊಟ್ಟುಬಿಡಿ ಅನ್ನುತ್ತೇನೆ.

ಮಾರುವಾಗ ಇದೇ ಮಾತು ತಿರುಗಿ ಬರುತ್ತದೆ. ಓದುವ ಮೇಜು ಕೊಳ್ಳಲು ಇಬ್ಬರು ಹುಡುಗರು ಟೆಂಪೊ ತಂದಿದ್ದರು. ₹3,200 ಹಾಕಿದೆವು ಅಂತ ಫೋನು ತೋರಿಸಿದರು. ಹಸಿರು ಟಿಕ್, ನನ್ನ ಹೆಸರು, ಸಮಯ ಎಲ್ಲ ಇತ್ತು. ನನ್ನ ಖಾತೆಯಲ್ಲಿ ಮಾತ್ರ ಏನೂ ಬಂದಿರಲಿಲ್ಲ. 'ಸರ್ವರ್ ಸ್ಲೋ ಇದೆ ಆಂಟಿ, ಹತ್ತು ನಿಮಿಷಕ್ಕೆ ಬರುತ್ತೆ' ಅಂದರು. ಸರಿ, ಹತ್ತು ನಿಮಿಷ ಕೂತಿರಿ, ಕಾಫಿ ಮಾಡುತ್ತೇನೆ ಅಂದೆ. ಕಾಫಿ ತರುವಷ್ಟರಲ್ಲಿ ಟೆಂಪೊ ಹೊರಟುಹೋಗಿತ್ತು. ಇಂಥ ನಕಲಿ ಪರದೆ ತೋರಿಸುವುದಕ್ಕೆಂದೇ ಆ್ಯಪ್‌ಗಳಿವೆ. ಅವರ ಫೋನು, ಸ್ಕ್ರೀನ್‌ಶಾಟ್, ನಮಗೆ ಬರುವ ಎಸ್‌ಎಂಎಸ್ ಯಾವುದೂ ಲೆಕ್ಕಕ್ಕಿಲ್ಲ. ನಮ್ಮ ಬ್ಯಾಂಕಿನ ಆ್ಯಪ್ ತೆರೆದು ಬ್ಯಾಲೆನ್ಸ್ ನೋಡಬೇಕು.

ಹಾಗಂತ ಸರ್ವರ್ ಸಮಸ್ಯೆ ಅಂದವರೆಲ್ಲ ಸುಳ್ಳುಗಾರರಲ್ಲ. ಸೈಕಲ್ ಮಾರಿದ ದಿನ ನನಗೆ ಮರೆಯುವುದಿಲ್ಲ. ಶ್ರೀರಂಗಪಟ್ಟಣದಿಂದ ಒಬ್ಬರು ಮಗಳನ್ನು ಕರೆದುಕೊಂಡು ಬಂದಿದ್ದರು. ಮಗು ಆಗಲೇ ಸೈಕಲ್ ಹತ್ತಿ ಕೂತು ಬೆಲ್ ಬಾರಿಸುತ್ತಿತ್ತು. ಅವರ ಖಾತೆಯಿಂದ ₹2,800 ಕಟ್ ಆಯಿತು, ನನಗೆ ಬರಲಿಲ್ಲ. ಅವರ ಪಾಸ್‌ಬುಕ್ ಆ್ಯಪ್ ತೆರೆದು ತೋರಿಸಿದರು, ನಿಜವಾಗಿ ಹೋಗಿತ್ತು. ಪಾಪ, ಮುಖ ಸಣ್ಣದಾಯಿತು. ಕೊನೆಗೆ ಅವರೇ ಎಟಿಎಂಗೆ ಹೋಗಿ ನಗದು ತಂದು ಕೊಟ್ಟು ಸೈಕಲ್ ಒಯ್ದರು. ರಾತ್ರಿ ಹನ್ನೊಂದಕ್ಕೆ ಆ ₹2,800 ನನ್ನ ಖಾತೆಗೆ ಬಂತು! ಬೆಳಿಗ್ಗೆ ಖಾತೆಯ ವಿವರದಲ್ಲಿ ಅವರ ಹೆಸರೇ ಇದೆಯಾ ನೋಡಿ, ಅವರಿಗೆ ಫೋನ್ ಮಾಡಿ, ಅದೇ ನಂಬರಿಗೆ ವಾಪಸ್ ಹಾಕಿದೆ. ಹೀಗೆ ಕಟ್ ಆಗಿ ತಲುಪದೇ ಇದ್ದರೆ ಮರುದಿನದೊಳಗೆ ವಾಪಸ್ ಆಗಬೇಕು, ತಡವಾದರೆ ದಿನಕ್ಕೆ ₹100 ಪರಿಹಾರ ಕೊಡಬೇಕು ಅಂತ ರಿಸರ್ವ್ ಬ್ಯಾಂಕಿನ 2019ರ ನಿಯಮವೇ ಇದೆ. ಅದಕ್ಕೆ ಇಂಥ ಹೊತ್ತಲ್ಲಿ ಗಾಬರಿಯಾಗಿ ಎರಡನೇ ಸಲ ಹಾಕಬೇಡಿ. ಸಾಮಾನು ಅಲ್ಲೇ ಇರಲಿ, ನಾಳೆ ನೋಡೋಣ ಅಂದರೆ ಇಬ್ಬರಿಗೂ ನಷ್ಟವಿಲ್ಲ.

ಜನ ಅಷ್ಟಾಗಿ ಮಾತಾಡದ ಒಂದು ತೊಂದರೆ ಮಾರುವವರಿಗೆ ಇದೆ. ದುಡ್ಡು ಸರಿಯಾಗೇ ಬಂದು, ಆಮೇಲೆ ತಲೆನೋವಾಗುವುದು. ಬೆಂಗಳೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ಫೋನು ಮಾರಿದ. ಬಂದವನು ₹18,000ವನ್ನು 'ಫ್ರೆಂಡ್ ಕೈಲಿ ಹಾಕಿಸ್ತೀನಿ' ಅಂತ ಬೇರೆ ಯಾರದೋ ಖಾತೆಯಿಂದ ಹಾಕಿಸಿದ. ಎರಡು ವಾರದ ಮೇಲೆ ಇವನ ಖಾತೆಗೆ ತಡೆ ಬಿತ್ತು. ಆ ದುಡ್ಡು ಇನ್ನೊಂದು ರಾಜ್ಯದಲ್ಲಿ ಯಾರಿಗೋ ಮೋಸ ಮಾಡಿ ಬಂದದ್ದು. ದೂರು ದಾಖಲಾದಾಗ ಅದು ಎಲ್ಲೆಲ್ಲಿ ಹರಿದಿದೆಯೋ ಅಲ್ಲೆಲ್ಲ ಹಿಡಿದಿಡುತ್ತಾರೆ. ಫೋನಿನ ಬಿಲ್ಲು, ಚಾಟ್ ಎಲ್ಲ ಕೊಟ್ಟು ಬಿಡಿಸಿಕೊಳ್ಳಲು ಮೂರು ತಿಂಗಳು ಅಲೆದ. ಸಂಬಳ ಬರುವ ಖಾತೆ ಅದು. ಮನೆ ಬಾಡಿಗೆಗೆ ಸಾಲ ಮಾಡಬೇಕಾಯಿತು.

ಅದಾದ ಮೇಲೆ ನಾವು ಕೆಲವು ಅಭ್ಯಾಸ ಮಾಡಿಕೊಂಡಿದ್ದೇವೆ. ಹಳೇ ಸಾಮಾನಿನ ವ್ಯವಹಾರಕ್ಕೆ ಬೇರೆಯೇ ಒಂದು ಉಳಿತಾಯ ಖಾತೆ, ಅದರಲ್ಲಿ ಐದಾರು ಸಾವಿರಕ್ಕಿಂತ ಜಾಸ್ತಿ ಇಡುವುದಿಲ್ಲ. ಇನ್ನೊಂದು, ಮನೆಗೆ ಬಂದು ನಿಂತವರ ಹೆಸರೂ ದುಡ್ಡು ಹಾಕಿದ ಖಾತೆಯ ಹೆಸರೂ ಒಂದೇ ಇರಬೇಕು. ಗಂಡ ಹೆಂಡತಿ ಅಂದರೆ ಒಪ್ಪಬಹುದು, ಫ್ರೆಂಡ್ ಅಂದರೆ ಇಲ್ಲ. ಸಾವಿರ ದಾಟಿದ ಸಾಮಾನಿಗೆ ಒಂದು ಬಿಳಿ ಹಾಳೆಯಲ್ಲಿ ತಾರೀಖು, ಇಬ್ಬರ ಹೆಸರು, ಬೆಲೆ, ಸಹಿ. ಫೋನಾದರೆ ಐಎಂಇಐ, ಅಂದರೆ ಆ ಫೋನಿನದ್ದೇ ಗುರುತಿನ ನಂಬರ್ ಕೂಡ. ಇದನ್ನು ಕೇಳಿದರೆ ಯಾರೂ ಬೇಜಾರು ಮಾಡಿಕೊಂಡಿಲ್ಲ. ಮಾಡಿಕೊಂಡವರಿಗೆ ಮಾರದೇ ಇದ್ದರೆ ಆಯಿತು.

ಹಳೇ ಫೋನು ಕೊಳ್ಳುವವರಿಗೂ ಒಂದು ಮಾತು. ದುಡ್ಡು ಹಾಕುವ ಮೊದಲು *#06# ಒತ್ತಿ ಐಎಂಇಐ ನೋಡಿ. ಕೆವೈಎಂ ಅಂತ ಇಂಗ್ಲಿಷಿನಲ್ಲಿ ಟೈಪ್ ಮಾಡಿ, ಜಾಗ ಬಿಟ್ಟು ಆ ನಂಬರ್ ಹಾಕಿ 14422ಕ್ಕೆ ಎಸ್‌ಎಂಎಸ್ ಕಳಿಸಿದರೆ, ಕದ್ದ ಫೋನು ಅಂತ ಅದನ್ನು ತಡೆಹಿಡಿದಿದ್ದಾರಾ ಅನ್ನುವುದು ಗೊತ್ತಾಗುತ್ತದೆ.

ಸ್ಕೂಟರ್ ಕೊಂಡದ್ದು 2022ರಲ್ಲಿ, ಸರಸ್ವತಿಪುರಂನ ಒಬ್ಬ ನಿವೃತ್ತ ಮೇಷ್ಟ್ರಿಂದ, ₹38,000ಕ್ಕೆ. ಟೋಕನ್ ಕೊಡುವುದಿಲ್ಲ ಅಂದೆನಲ್ಲ, ಇಲ್ಲಿ ಕೊಟ್ಟೆವು. ಗಾಡಿ ಓಡಿಸಿ ನೋಡಿ, ಅವರ ಮನೆಯಲ್ಲೇ ಕೂತು, ಚೀಟಿ ಬರೆಸಿಕೊಂಡು ₹1,000 ಕೊಟ್ಟಿದ್ದು. ಆರ್‌ಸಿ ನೋಡಿದರೆ ಸಾಲ ಕೊಟ್ಟ ಬ್ಯಾಂಕಿನ ಹೆಸರು ಹಾಗೇ ಇತ್ತು. 'ಸಾಲ ತೀರಿಸಿ ಮೂರು ವರ್ಷ ಆಯಿತಮ್ಮ' ಅಂದರು. ತೀರಿಸಿದ್ದು ನಿಜ, ಗಾಡಿಯ ಮೇಲಿನ ಸಾಲದ ನಮೂದು, ಅಂದರೆ ಎಚ್‌ಪಿ ಕ್ಯಾನ್ಸಲ್ ಮಾಡಿಸಿರಲಿಲ್ಲ. ಬ್ಯಾಂಕಿನ ಎನ್‌ಒಸಿ, ಆ ನಮೂದು ತೆಗೆಸುವ ಫಾರಂ 35 ಎಲ್ಲ ಆಗಿ ಆರ್‌ಟಿಒದಲ್ಲಿ ಹೆಸರು ತೆಗೆಯುವವರೆಗೆ ಮೂರು ವಾರ ಕಾದೆವು. ಗಾಡಿಯನ್ನು ನಮ್ಮ ಹೆಸರಿಗೆ ಮಾಡುವ ಫಾರಂ 29, 30ಕ್ಕೆ ಅವರ ಸಹಿ ಬಿದ್ದ ದಿನವೇ ಉಳಿದ ದುಡ್ಡು. ಮೊದಲು ಒಂದು ರೂಪಾಯಿ ಹಾಕಿ, ಅವರಿಗೇ ಬಂತಾ ಕೇಳಿ, ಆಮೇಲೆ ಪೂರ್ತಿ ಹಾಕುವುದು ನಮ್ಮ ಪದ್ಧತಿ. ನಮ್ಮ ಯಜಮಾನರು ಹಿಂದಿನ ದಿನವಷ್ಟೇ ಹೊಸ ಫೋನು ತೆಗೆದುಕೊಂಡಿದ್ದರು. ಹೊಸ ಫೋನಿನಲ್ಲಿ ಯುಪಿಐ ಶುರು ಮಾಡಿದರೆ ಮೊದಲ 24 ಗಂಟೆ ₹5,000ದ ಮಿತಿ ಇರುತ್ತದೆ ಅಂತ ನಮಗೆ ಅಲ್ಲೇ ಗೊತ್ತಾಗಿದ್ದು. ನನ್ನ ಫೋನಿನಿಂದ ಹಾಕಿದೆ. ಮಾಮೂಲಿ ದಿನದಲ್ಲಿ ಮಿತಿ ₹1 ಲಕ್ಷ. ಕಾರು ಕೊಳ್ಳುವವರಿಗೆ ಬ್ಯಾಂಕ್ ಖಾತೆಯಿಂದ ಖಾತೆಗೆ ಕಳಿಸುವ ಎನ್‌ಇಎಫ್‌ಟಿ, ಆರ್‌ಟಿಜಿಎಸ್ ಒಳ್ಳೆಯದು. 2025ರ ಏಪ್ರಿಲ್‌ನಿಂದ ಅವುಗಳಲ್ಲೂ ಖಾತೆದಾರರ ಹೆಸರು ಮೊದಲೇ ನೋಡಬಹುದು. ನಗದು ₹2 ಲಕ್ಷ ಮುಟ್ಟಿದರೆ ತೆಗೆದುಕೊಳ್ಳುವವರಿಗೆ ಆದಾಯ ತೆರಿಗೆ ಕಾನೂನಿನ ತೊಂದರೆ.

ನಗದನ್ನು ನಾನು ಬಿಟ್ಟಿಲ್ಲ. ಐನೂರರ ಒಳಗಿನ ಸಾಮಾನಿಗೆ, ವಯಸ್ಸಾದವರ ಜೊತೆಗೆ ಅದೇ ಸಲೀಸು. ₹500ರ ನೋಟನ್ನು ಓರೆ ಮಾಡಿದರೆ ಭದ್ರತಾ ಎಳೆಯ ಹಸಿರು ನೀಲಿಯಾಗಬೇಕು, ಅಷ್ಟು ನೋಡಿಕೊಳ್ಳುತ್ತೇನೆ. ಗುರುತಿಲ್ಲದವರ ಚೆಕ್ ಬೇಡವೇ ಬೇಡ. ಬೌನ್ಸ್ ಆದರೆ ಕೋರ್ಟಿಗೆ ಹೋಗಬಹುದು ನಿಜ, ಒಂದು ಫ್ರಿಜ್ಜಿಗೆ ಯಾರು ಹೋಗುತ್ತಾರೆ?

ದುಡ್ಡು ಹೋಯಿತು ಅಂತ ಗೊತ್ತಾದ ಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ನಾಚಿಕೆಪಟ್ಟುಕೊಂಡು ಸಂಜೆವರೆಗೆ ಕೂರಬೇಡಿ. ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲು ಹೇಳಿದರೆ ತಡೆಹಿಡಿಯಲು ಆಗುತ್ತದೆ. ಅಮ್ಮನ ಕಾಲಕ್ಕೆ ಈ ನಂಬರ್ ಇರಲಿಲ್ಲ.

ಅಮ್ಮ ಆಮೇಲೆ ನಾಲ್ಕು ವರ್ಷ ಯುಪಿಐ ಮುಟ್ಟಲಿಲ್ಲ. ಹೊಲಿಗೆ ಮಷಿನ್ ನಂಜನಗೂಡಿನ ಟೈಲರ್ ಒಬ್ಬರಿಗೆ ನಗದಿಗೇ ಹೋಯಿತು. ಹೋದ ತಿಂಗಳು ತನ್ನ ಹಳೇ ಮಿಕ್ಸಿ ಮಾರಬೇಕು ಅಂದಾಗ, ನಾನೇ ದುಡ್ಡು ತಗೋತೀನಿ ಅಂದಳು. ಬಂದ ಹುಡುಗಿ ಮಿಕ್ಸಿ ತಿರುಗಿಸಿ ನೋಡಿದಳು, ಅಮ್ಮನ ಕೋಡ್ ಸ್ಕ್ಯಾನ್ ಮಾಡಿದಳು, ತನ್ನ ಫೋನು ತೋರಿಸಲು ಬಂದಳು. ಅಮ್ಮ ಅದನ್ನು ನೋಡಲಿಲ್ಲ. ಕನ್ನಡಕ ಹಾಕಿಕೊಂಡು ತನ್ನ ಬ್ಯಾಂಕಿನ ಆ್ಯಪ್ ತೆರೆದಳು. ಆ ಹುಡುಗಿಯ ಹೆಸರನ್ನು ಜೋರಾಗಿ ಓದಿದಳು. ಆಮೇಲೆ ನನ್ನ ಕಡೆ ತಿರುಗಿ, 'ಬಂತು ಕಣೇ, ಸಾವಿರದ ಇನ್ನೂರು. ಜಾರ್‌ಗಳನ್ನೂ ತಂದುಕೊಡು' ಅಂದಳು.