ಟೈನಿ ಡೆಸ್ಕ್ ಕಾನ್ಸರ್ಟ್ ರಿವ್ಯೂ: ಸ್ಪೀಕರ್ ಇಲ್ಲ, ಎಕೋ ಇಲ್ಲ, ಬರೀ ಹಾಡು

ಯೂಟ್ಯೂಬಲ್ಲಿ ಲೈವ್ ಹಾಡು ನೋಡೋ ಅಭ್ಯಾಸ ಇರೋರಿಗೆಲ್ಲ ನಾನು ಮೊದ್ಲು ಹೇಳೋದು ಒಂದೇ ಚಾನೆಲ್ಲು, ಎನ್‌ಪಿಆರ್ ಮ್ಯೂಸಿಕ್, ಅದ್ರಲ್ಲೂ ಅವರ ಟೈನಿ ಡೆಸ್ಕ್ ಕಾನ್ಸರ್ಟ್ ಸರಣಿ. ಎನ್‌ಪಿಆರ್ ಅಂದ್ರೆ ಅಮೆರಿಕದ ಸಾರ್ವಜನಿಕ ರೇಡಿಯೋ. ವಾಷಿಂಗ್ಟನ್‌ನಲ್ಲಿರೋ ಅವರ ಆಫೀಸಲ್ಲಿ ಒಂದು ಮೇಜು, ಹಿಂದೆ ಪುಸ್ತಕ ಸಿಡಿ ಬೊಂಬೆ ಪೋಸ್ಟರು ಅಂತ ಕಂಡಿದ್ದೆಲ್ಲ ತುಂಬ್ಕೊಂಡಿರೋ ಶೆಲ್ಫು, ಆ ಮೇಜಿಗೂ ಶೆಲ್ಫಿಗೂ ಮಧ್ಯೆ ಇರೋ ಅಷ್ಟೇ ಅಷ್ಟು ಜಾಗದಲ್ಲಿ ಇಡೀ ಬ್ಯಾಂಡು ತೂರ್ಕೊಂಡು ನಿಂತು ಹಾಡುತ್ತೆ, ಎದುರಿಗೆ ಆಫೀಸಿನ ಜನ ನಿಂತ್ಕೊಂಡು ಕೇಳ್ತಾರೆ. ಹದಿನೈದಿಪ್ಪತ್ತು ನಿಮಿಷ, ಮೂರೋ ನಾಲ್ಕೋ ಹಾಡು, ಮುಗೀತು. ದುಡ್ಡು ಕೊಡ್ಬೇಕಿಲ್ಲ, ಲಾಗಿನ್ ಬೇಕಿಲ್ಲ.

ಇದು ಶುರುವಾಗಿದ್ದೇ ಒಂದು ಫೆಸ್ಟಿವಲ್ಲಿನ ಗಲಾಟೆಯಿಂದ. 2008ರ ಮಾರ್ಚಲ್ಲಿ ಟೆಕ್ಸಸ್‌ನ ಆಸ್ಟಿನ್ ಊರಲ್ಲಿ ಸೌತ್ ಬೈ ಸೌತ್‌ವೆಸ್ಟ್ ನಡೀತಿತ್ತು, ಬಹಳ ದೊಡ್ಡ ಫೆಸ್ಟಿವಲ್ ಅದು. ಅಲ್ಲಿ ಲಾರಾ ಗಿಬ್ಸನ್ ಅಂತ ಒಬ್ರು ಮೆಲುದನಿಯ ಗಾಯಕಿ ಹಾಡ್ತಾ ಇದ್ರು, ಎನ್‌ಪಿಆರ್‌ನ ಬಾಬ್ ಬಾಯ್ಲನ್ ಮತ್ತೆ ಸ್ಟೀಫನ್ ಥಾಂಪ್ಸನ್ ಕೇಳೋಕೆ ಹೋಗಿದ್ರು, ಆದ್ರೆ ಸುತ್ತ ಇದ್ದ ಜನರ ಮಾತಿನ ಸದ್ದಲ್ಲಿ ಆಕೆ ದನಿ ಕೇಳಿಸ್ಲೇ ಇಲ್ಲ. ಆಗ ಥಾಂಪ್ಸನ್ ತಮಾಷೆಗೆ, ನೀವು ನಮ್ಮ ಆಫೀಸಿಗೇ ಬಂದು ಬಾಬ್ ಮೇಜಿನ ಹತ್ರ ಹಾಡ್ಬಿಡಿ ಅಂದ್ರಂತೆ. ಮುಂದಿನ ತಿಂಗಳು ಆಕೆ ನಿಜವಾಗ್ಲೂ ಬಂದು ಹಾಡಿದ್ರು, ಅದೇ ಮೊದಲ ವಿಡಿಯೋ. ಬಾಯ್ಲನ್ 2023ರಲ್ಲಿ ನಿವೃತ್ತರಾದ್ರು, ಸರಣಿ ಮಾತ್ರ ನಡೀತಾನೇ ಇದೆ.

ಈಗ ಇದ್ರ ಅಸಲು ವಿಷ್ಯಕ್ಕೆ ಬರ್ತೀನಿ, ಯಾಕಂದ್ರೆ ಬಹಳ ಜನ ಇದನ್ನ ನೋಡಿ ಓಹ್ ಕ್ಯೂಟಾಗಿದೆ ಅಂದು ಮುಂದೆ ಹೋಗ್ತಾರೆ, ಒಳಗೆ ನಡೀತಿರೋದೇನು ಅಂತ ಗಮನಿಸಲ್ಲ. ಆ ರೂಮಲ್ಲಿ ಹಾಡೋರ ದನಿಗೆ ಸ್ಪೀಕರ್ ಇಲ್ಲ. ಮೇಜಿನ ಮೇಲೆ ಉದ್ದ ಕೋಲಿನ ಥರ ಒಂದು ಮೈಕ್ ಕಾಣುತ್ತಲ್ಲ, ಅದು ರೆಕಾರ್ಡಿಂಗಿಗೆ ಮಾತ್ರ, ಎದುರಿಗೆ ನಿಂತೋರಿಗೆ ಕೇಳ್ಸೋದು ಬಾಯಿಂದ ಬರೋ ದನಿಯೇ. ಮಾಮೂಲಿ ಸ್ಟೇಜಲ್ಲಿ ಗಾಯಕರಿಗೆ ತಮ್ಮ ದನಿ ತಮಗೆ ಕೇಳ್ಸೋಕೆ ಕಾಲ ಹತ್ರ ಮಾನಿಟರ್ ಸ್ಪೀಕರ್ ಇಟ್ಟಿರ್ತಾರೆ, ಇಲ್ಲಾ ಕಿವಿಗೆ ಇಯರ್‌ಪೀಸ್ ಇರುತ್ತೆ, ಇಲ್ಲಿ ಅದೂ ಇಲ್ಲ. ಅಂದ್ರೆ ಡ್ರಮ್ಮರ್ ಜೋರಾಗಿ ಬಾರಿಸಿದ್ರೆ ಗಾಯಕಿ ದನಿ ಮುಚ್ಚಿಹೋಗುತ್ತೆ, ಗಿಟಾರಿನವ್ರು ವಾಲ್ಯೂಮ್ ಏರಿಸಿದ್ರೆ ಕೀಬೋರ್ಡು ಮುಳುಗುತ್ತೆ, ಹಾಗಾಗಿ ಎಲ್ರೂ ಒಬ್ರನ್ನೊಬ್ರು ಕೇಳಿಸ್ಕೊಂಡು, ತಗ್ಗಿಸ್ಕೊಂಡು ನುಡಿಸ್ಲೇಬೇಕು. ಸ್ಟೇಡಿಯಂ ತುಂಬಿಸೋ ದೊಡ್ಡ ಬ್ಯಾಂಡುಗಳು ಇಲ್ಲಿ ಬಂದು ತಮ್ಮ ಹಾಡನ್ನೇ ಹೊಸದಾಗಿ ಕಟ್ಟಿಕೊಳ್ಳೋದು ಇದಕ್ಕೇ. ಹಾಡುಗಾರರ ಹತ್ರ ಸರಕು ಎಷ್ಟಿದೆ ಅಂತ ಗೊತ್ತಾಗೋದು ಅವ್ರ ಕೈಯಿಂದ ಎಫೆಕ್ಟು, ಮಾನಿಟರು, ಮೊದ್ಲೇ ರೆಕಾರ್ಡ್ ಮಾಡಿಟ್ಟ ಹಿನ್ನೆಲೆ ಸಂಗೀತದ ಟ್ರ್ಯಾಕು ಎಲ್ಲ ತಗೊಂಡಾಗ್ಲೇ ಅಂತ ನಾನು ಗಟ್ಟಿಯಾಗಿ ನಂಬ್ತೀನಿ, ಈ ಸರಣಿ ಅದನ್ನ ಎದುರಿಗಿಟ್ಟು ತೋರ್ಸುತ್ತೆ.

ಉದಾಹರಣೆಗೆ ಅಮೆರಿಕದ ಗಾಯಕ ಟಿ-ಪೇನ್ ಅವರ 2014ರ ವಿಡಿಯೋ. ಆ ಮನುಷ್ಯ ಹೆಸರು ಮಾಡಿದ್ದೇ ದನಿಯ ಶ್ರುತಿ ತಿದ್ದೋ ಆಟೋಟ್ಯೂನ್ ಅನ್ನೋ ಸಾಫ್ಟ್‌ವೇರಿಂದ, ದನಿ ಮೆಷಿನ್ನಿನಿಂದ ಬಂದಂಗೆ ಕೇಳ್ಸೋದೇ ಅವರ ಗುರುತು, ಅದಕ್ಕೆ ಇವರಿಗೆ ಹಾಡೋಕೇ ಬರಲ್ಲ ಅಂತ ಎಷ್ಟೋ ಜನ ತೀರ್ಮಾನ ಮಾಡ್ಬಿಟ್ಟಿದ್ರು. ಇಲ್ಲಿ ಪಕ್ಕದಲ್ಲಿ ಕೀಬೋರ್ಡ್ ನುಡಿಸೋ ಒಬ್ರು, ಅಷ್ಟೇ. ಆಟೋಟ್ಯೂನ್ ಇಲ್ಲ. ಮೊದಲ ಸಾಲಿಗೇ ಗೊತ್ತಾಗುತ್ತೆ ಈ ಗಂಟಲಲ್ಲಿ ಚರ್ಚ್ ಹಾಡುಗಾರರ ಥರದ ಶಕ್ತಿ ಇದೆ ಅಂತ, ಸ್ವರ ಹಿಡಿದು ನಿಧಾನಕ್ಕೆ ಜಾರಿಸ್ಕೊಂಡು ಕೆಳಗಿಳಿಸ್ತಾರೆ ನೋಡಿ, ಅಲ್ಲಿ ಪ್ರತಿ ಮೆಟ್ಟಿಲೂ ಸ್ಪಷ್ಟ. ಆಟೋಟ್ಯೂನ್ ಅವರಿಗೆ ಊರುಗೋಲಲ್ಲ, ಅವರಾಗೇ ಆರಿಸ್ಕೊಂಡ ಒಂದು ವಾದ್ಯ ಅಂತ ಈ ಒಂದು ವಿಡಿಯೋ ನೋಡಿದ್ರೆ ಸಾಕು, ಗೊತ್ತಾಗುತ್ತೆ. ಐದು ವರ್ಷ ಆದ್ಮೇಲೆ ಅವರು ಮುಖವಾಡ ಹಾಕ್ಕೊಂಡು ಹಾಡೋ ದಿ ಮಾಸ್ಕ್ಡ್ ಸಿಂಗರ್ ಅನ್ನೋ ಅಮೆರಿಕನ್ ಟೀವಿ ಶೋ ಗೆದ್ರು, ಯಾರು ಅಂತ ಗೊತ್ತಿಲ್ದೆ ಬರೀ ದನಿ ಕೇಳಿ ಗೆಲ್ಸಿದ್ರು ಜನ.

ಆಂಡರ್ಸನ್ ಪಾಕ್ ಅವರದ್ದು 2016ರದ್ದು, ಈ ಸರಣಿಯಲ್ಲಿ ಅತಿ ಹೆಚ್ಚು ಜನ ನೋಡಿರೋ ವಿಡಿಯೋಗಳಲ್ಲಿ ಒಂದು. ಡ್ರಮ್ಸ್ ಬಾರಿಸ್ಕೊಂಡೇ ಹಾಡ್ತಾರೆ, ಅದೂ ನಗ್ತಾ ನಗ್ತಾ. ಕೋಲು ಎಷ್ಟು ಮೆತ್ತಗೆ ಬೀಳುತ್ತೆ, ಆದ್ರೂ ಲಯ ಎಷ್ಟು ಬಿಗಿ ಇದೆ ಅಂತ ಗಮನ ಇಟ್ಟು ಕೇಳಿ. ಡ್ರಮ್ಸ್ ಕಲೀತಿರೋ ಹುಡುಗ್ರಿಗೆ ಇದಕ್ಕಿಂತ ಒಳ್ಳೆ ಪಾಠ ಬೇರೆ ಇಲ್ಲ, ಜೋರಾಗಿ ಬಾರಿಸೋದನ್ನ ಯಾರು ಬೇಕಾದ್ರೂ ಕಲೀತಾರೆ.

ನನಗೆ ಎಲ್ಲಕ್ಕಿಂತ ಹತ್ರ ಆಗಿರೋದು ಗೇಲಿನ್ ಲೀ ಅವರದ್ದು. ಈ ಸರಣಿಗೆ 2015ರಿಂದ ಒಂದು ಕಾಂಟೆಸ್ಟ್ ನಡೆಸ್ತಾರೆ, ಯಾವ ರೆಕಾರ್ಡ್ ಕಂಪನಿ ಜೊತೆಗೂ ಒಪ್ಪಂದ ಇಲ್ಲದ, ಹೆಸರಿಲ್ಲದ ಕಲಾವಿದರು ಯಾವುದಾದ್ರೂ ಒಂದು ಮೇಜಿನ ಹತ್ರ ಹಾಡಿ ವಿಡಿಯೋ ಕಳಿಸ್ಬೇಕು, ಗೆದ್ದೋರನ್ನ ಆಫೀಸಿಗೆ ಕರೀತಾರೆ. 2016ರಲ್ಲಿ ಗೆದ್ದಿದ್ದು ಮಿನ್ನೆಸೋಟಾದ ಡುಲೂತ್ ಊರಿನ ಈ ವಯಲಿನ್ ಕಲಾವಿದೆ. ಮೂಳೆ ಬೇಗ ಮುರಿಯೋ ಹುಟ್ಟು ಕಾಯಿಲೆ, ವೀಲ್‌ಚೇರಲ್ಲೇ ಕೂತಿರ್ತಾರೆ, ವಯಲಿನ್ನನ್ನ ಭುಜಕ್ಕೆ ಇಟ್ಕೊಳ್ಳೋಕೆ ಆಗಲ್ಲ ಅಂತ ಚೆಲ್ಲೋ ಥರ ಮುಂದೆ ನಿಲ್ಲಿಸ್ಕೊಂಡು ನುಡಿಸ್ತಾರೆ. ಒಂದು ಲೂಪ್ ಪೆಡಲ್ ಇದೆ, ಒಂದು ಎಳೆ ನುಡಿಸಿ ಅದನ್ನ ಸುತ್ತು ಹಾಕಿಸಿ ಬಿಡ್ತಾರೆ, ಅದ್ರ ಮೇಲೆ ಇನ್ನೊಂದು ಎಳೆ, ಅದ್ರ ಮೇಲೆ ಮತ್ತೊಂದು, ಹೀಗೆ ಒಬ್ರೇ ಕೂತು ನಾಲ್ಕು ಜನ ನುಡಿಸಿದಷ್ಟು ತುಂಬಿಸ್ತಾರೆ, ಆಮೇಲೆ ಅದೆಲ್ಲದ್ರ ಮಧ್ಯೆ ಸಣ್ಣ ದನಿಯಲ್ಲಿ ಹಾಡೋಕೆ ಶುರು ಮಾಡ್ತಾರೆ. ಯಾರೂ ಕನಿಕರದಿಂದ ನೋಡೋ ಹಾಗಿಲ್ಲ ಅದನ್ನ, ಅಷ್ಟು ಪೂರ್ತಿಯಾದ ಸಂಗೀತ ಅದು. ದೊಡ್ಡ ಫೆಸ್ಟಿವಲ್ ಸ್ಟೇಜಲ್ಲಿ ಈ ದನಿ ಯಾರಿಗೂ ತಲುಪ್ತಿರ್ಲಿಲ್ಲ ಅನ್ಸುತ್ತೆ ನಂಗೆ.

ಅಮೆರಿಕದ ರ‍್ಯಾಪರ್ ಮ್ಯಾಕ್ ಮಿಲ್ಲರ್ ಅವರದ್ದು 2018ರ ಆಗಸ್ಟಲ್ಲಿ ಬಂತು, ಸೆಪ್ಟೆಂಬರಲ್ಲಿ ಅವರು ತೀರ್ಕೊಂಡ್ರು, ಇಪ್ಪತ್ತಾರೇ ವರ್ಷ. ಕೊನೇ ಹಾಡಿಗೆ ಸ್ಟ್ರಿಂಗ್ಸ್ ತಂಡ ಬಂದು ಸೇರ್ಕೊಳ್ಳುತ್ತೆ. ಅದ್ರ ಬಗ್ಗೆ ಜಾಸ್ತಿ ಹೇಳಲ್ಲ, ನೋಡಿ. ಇನ್ನು ಅರ್ಜೆಂಟೀನಾದ ಕ್ಯಾಟ್ರಿಯೆಲ್ ಮತ್ತೆ ಪಾಕೋ ಅಮೊರೊಸೊ ಜೋಡಿ, 2024ರ ಅಕ್ಟೋಬರಲ್ಲಿ ಬಂದಿದ್ದು, ಸ್ಪ್ಯಾನಿಷ್ ಒಂದಕ್ಷರ ಬರದೇ ಇದ್ರೂ ಕಾಲು ತಾನಾಗೇ ಅಲುಗಾಡುತ್ತೆ. ತಮ್ಮ ದೇಶದ ಆಚೆ ಅಷ್ಟಾಗಿ ಗೊತ್ತಿಲ್ದೇ ಇದ್ದೋರು ಈ ಒಂದು ವಿಡಿಯೋದಿಂದ ಪ್ರಪಂಚಕ್ಕೆಲ್ಲ ಗೊತ್ತಾಗಿ, ಮುಂದಿನ ವರ್ಷ ಲ್ಯಾಟಿನ್ ಗ್ರ್ಯಾಮಿ ಸಂಗೀತ ಪ್ರಶಸ್ತಿ ಗೆದ್ರು. ಢೋಲ್ ಇಷ್ಟ ಪಡೋರು ರೆಡ್ ಬಾರಾತ್ ನೋಡಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಬ್ಯಾಂಡು, ಸನ್ನಿ ಜೈನ್ ಅವರ ಢೋಲು ಜೊತೆಗೆ ತುತ್ತೂರಿಗಳ ಸೈನ್ಯ, ನಮ್ಮ ಕಡೆ ಮೆರವಣಿಗೆ ನೋಡಿ ಬೆಳೆದೋರಿಗೆ ಕೂಡ್ಲೇ ಹಿಡಿಸುತ್ತೆ.

ಮೈನಸ್ಸೂ ಹೇಳ್ಬೇಕಲ್ವಾ. 2020ರ ಕೋವಿಡ್ ಟೈಮಲ್ಲಿ ಆಫೀಸು ಮುಚ್ಚಿತ್ತು ಅಂತ ಕಲಾವಿದ್ರು ಅವರವರ ಜಾಗದಿಂದ್ಲೇ ಹೋಮ್ ಕಾನ್ಸರ್ಟ್ ಅಂತ ಮಾಡಿ ಕಳಿಸಿದ್ರು, ಕೊರಿಯಾದ ಬಿಟಿಎಸ್ ತಂಡದವ್ರು ಸೋಲ್ ನಗರದ ಒಂದು ರೆಕಾರ್ಡ್ ಅಂಗಡಿಯಿಂದ ಮಾಡಿದ್ರು, ಇಂಗ್ಲೆಂಡಿನ ಗಾಯಕಿ ದುವಾ ಲಿಪಾ ಅವರದ್ದು ಕೋಟಿಗಟ್ಟಲೆ ವ್ಯೂಸ್ ಆಯ್ತು. ಚೆನ್ನಾಗಿವೆ, ಆದ್ರೆ ಆ ಒಂದು ರೂಮಿನ ಕಟ್ಟುಪಾಡು ಇಲ್ಲ, ಹಾಡು ಮುಗಿದಾಗ ಚಪ್ಪಾಳೆ ಇಲ್ಲ, ಕೆಲವಂತೂ ಮಾಮೂಲಿ ಮ್ಯೂಸಿಕ್ ವಿಡಿಯೋ ಥರಾನೇ ಇವೆ. ಹೊಸಬ್ರು ಅಲ್ಲಿಂದ ಶುರು ಮಾಡ್ಬೇಡಿ. ಈಚೀಚೆಗೆ ದೊಡ್ಡ ದೊಡ್ಡ ಸ್ಟಾರ್‌ಗಳು ಜಾಸ್ತಿ ಬರ್ತಿದ್ದಾರೆ, ಹಿನ್ನೆಲೆ ಹಾಡೋರನ್ನೆಲ್ಲ ಸೇರಿಸ್ಕೊಂಡು ಹತ್ತು ಹದಿನೈದು ಜನ ಕಿಕ್ಕಿರಿದು ನಿಂತಿರ್ತಾರೆ, ಚೆಂದ ಇರುತ್ತೆ, ಆದ್ರೆ ಒಂದು ಗಿಟಾರ್ ಒಂದು ದನಿ ಇರ್ತಿದ್ದ ಶುರುವಿನ ವರ್ಷಗಳ ವಿಡಿಯೋಗಳ ಆಪ್ತತೆ ಬೇರೆ. ದಕ್ಷಿಣ ಭಾರತದ ಭಾಷೆಗಳಂತೂ ಹುಡುಕಿದ್ರೂ ಸಿಗೋದು ಕಷ್ಟ. ಮತ್ತೆ ದಯವಿಟ್ಟು ಫೋನ್ ಸ್ಪೀಕರಲ್ಲಿ ಕೇಳ್ಬೇಡಿ, ಬೇಸ್ ಗಿಟಾರ್ ಪೂರ್ತಿ ಮಾಯ ಆಗುತ್ತೆ, ವೈರ್ ಇರೋ ಸಾಧಾರಣ ಇಯರ್‌ಫೋನ್ ಸಾಕು, ರೂಮಿನ ಉಸಿರಾಟ ಸಹಿತ ಕೇಳ್ಸುತ್ತೆ.

ಇಷ್ಟೆಲ್ಲ ಹೇಳಿದ್ದಕ್ಕೆ ದೊಡ್ಡ ಗ್ರೌಂಡಿನ ಸಂಗೀತ ಬೇಡ ಅಂತಿದ್ದೀನಿ ಅಂದ್ಕೋಬೇಡಿ. ಗಣೇಶನ ಪೆಂಡಾಲಿನ ಆರ್ಕೆಸ್ಟ್ರಾ ಕೇಳ್ಕೊಂಡೇ ಬೆಳೆದೋನು ನಾನು, ರಾಜಣ್ಣನ ಹಾಡು ಶುರುವಾದ ಕೂಡ್ಲೇ ಬೀದಿಯ ಆ ತುದಿಯಿಂದ ಬರೋ ಶಿಳ್ಳೆ ಯಾವ ವಿಡಿಯೋದಲ್ಲೂ ಸಿಗಲ್ಲ. 2005ರಲ್ಲಿ ಸಿ. ಅಶ್ವಥ್ ಅವರು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕನ್ನಡವೇ ಸತ್ಯ ಮಾಡಿದಾಗ ಮೈದಾನ ತುಂಬಿತ್ತು, ಅಷ್ಟು ಜನ ಸೇರಿದ್ದು ಭಾವಗೀತೆ ಕೇಳೋಕೆ, ಅದು ಗ್ರೌಂಡಿಗೆ ಮಾತ್ರ ಇರೋ ತಾಕತ್ತು. ಆದ್ರೆ ಈಗೀಗ ನಮ್ಮ ಎಷ್ಟೋ ಕಾರ್ಯಕ್ರಮಗಳಲ್ಲಿ ಸೌಂಡ್ ಅಂದ್ರೆ ಎದೆಗೆ ಗುದ್ದಬೇಕು, ಅಷ್ಟೇ ಅಂತ ಆಗ್ಬಿಟ್ಟಿದೆ. ಈಚೆಗೆ ಒಂದು ಕಾಲೇಜ್ ಫೆಸ್ಟಿಗೆ ಹೋಗಿದ್ದೆ, ಹಾಡ್ತಿದ್ದ ಹುಡುಗಿ ದನಿ ಅಪ್ಪಟ ಚಿನ್ನ, ಸೌಂಡ್ ಚೆಕ್ಕಲ್ಲಿ ಬರೀ ಗಿಟಾರ್ ಜೊತೆ ಎರಡು ಸಾಲು ಹಾಡಿದಾಗ ಎಲ್ರೂ ತಿರುಗಿ ನೋಡಿದ್ರು, ಕಾರ್ಯಕ್ರಮ ಶುರುವಾದ್ಮೇಲೆ ಆ ದನಿಗೆ ಎಕೋ ಸುರಿದು, ಹಿಂದೆ ಟ್ರ್ಯಾಕ್ ಹಾಕಿ, ಸಬ್‌ವೂಫರ್ ಏರಿಸಿ, ಸಾಹಿತ್ಯದ ಒಂದು ಪದಾನೂ ತಿಳೀದಂಗೆ ಮಾಡ್ಬಿಟ್ರು. ಹೊಟ್ಟೆ ಉರೀತು ನಂಗೆ. ಕನ್ನಡ ಹಾಡಲ್ಲಿ ಪದ ಕೇಳಿಸ್ದೇ ಇದ್ರೆ ಇನ್ನೇನು ಉಳೀತು.

ಅದಕ್ಕೇ ಇಂಥದ್ದೊಂದು ನಮ್ಮಲ್ಲೂ ನೆಟ್ಟಗೆ ನಡೀಬೇಕು ಅಂತ ಬಹಳ ಆಸೆ. ಕೊರಿಯಾದವ್ರು, ಜಪಾನಿನವ್ರು ಟೈನಿ ಡೆಸ್ಕಿನ ತಮ್ಮದೇ ಆವೃತ್ತಿ ಶುರು ಮಾಡಿ ಆಗಿದೆ, ಜಪಾನಲ್ಲಿ ಅಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ತನ್ನ ಆಫೀಸಲ್ಲೇ ನಡೆಸುತ್ತೆ. ನಮ್ಮ ಧಾರವಾಡ, ಮೈಸೂರು ಆಕಾಶವಾಣಿ ಕೇಂದ್ರಗಳಲ್ಲಿ ಜಾಗಕ್ಕೇನು ಬರ, ಒಂದು ಮೇಜು, ಒಂದು ಒಳ್ಳೆ ಮೈಕು, ಎರಡು ಕ್ಯಾಮೆರಾ, ಕೇಳೋಕೆ ಅಲ್ಲಿನ ಸಿಬ್ಬಂದಿ. ಕರೆಯೋಕೆ ಜನ ಎಷ್ಟಿದ್ದಾರೆ! ವಾರಿಜಶ್ರೀ ವೇಣುಗೋಪಾಲ್ ಅವರ ದನಿ ವಾದ್ಯದ ಜೊತೆ ವಾದ್ಯ ಆಗಿ ಓಡೋದನ್ನ ಹತ್ರದಿಂದ ನೋಡ್ಬೇಕು. ರಂಗಭೂಮಿಯಿಂದ ಬಂದ ವಾಸುಕಿ ವೈಭವ್ ಸುಮ್ನೆ ಒಂದು ಹಾರ್ಮೋನಿಯಂ ಇಟ್ಕೊಂಡು ಕೂತ್ರೂ ಸಾಕು. ಆಮೇಲೆ ಮಂಟೇಸ್ವಾಮಿ ಪದ ಹಾಡೋ ನೀಲಗಾರರು, ತಂಬೂರಿ, ಡಗ್ಗ, ಗಗ್ಗರದ ಸದ್ದು ಒಂದು ಸಣ್ಣ ರೂಮಲ್ಲಿ ಹೇಗೆ ಗುಂಯ್‌ಗುಡುತ್ತೆ ಅಂತ ಯೋಚ್ನೆ ಮಾಡಿ. ಉತ್ತರ ಕರ್ನಾಟಕದ ಗೀಗೀ ಮೇಳ, ದಪ್ಪು, ತುಂತುಣಿ, ಮುಂದಿನವ್ರು ಸಾಲು ಎತ್ತಿದ್ರೆ ಹಿಂದಿನವ್ರು ಗೀಯ ಗಾಗೀಯ ಅಂತ ದನಿ ಕೂಡಿಸೋದು. ಈ ಕಲೆಗಳೆಲ್ಲ ಹುಟ್ಟಿದ್ದೇ ಸ್ಪೀಕರ್ ಇಲ್ಲದ ಕಾಲದಲ್ಲಿ, ಜಗಲಿ ಮೇಲೆ, ಜಾತ್ರೆ ಬಯಲಲ್ಲಿ, ಹಾಗಾಗಿ ದನಿ ತಗ್ಗಿಸೋದು ಏರಿಸೋದು ಆ ಕಲಾವಿದ್ರಿಗೆ ಯಾರೂ ಹೇಳಿಕೊಡ್ಬೇಕಿಲ್ಲ. ಈಗ ಅವರನ್ನ ಉತ್ಸವಗಳಿಗೆ ಕರೆಸಿ, ಗಣ್ಯರ ಭಾಷಣ ಎಲ್ಲ ಮುಗಿದ್ಮೇಲೆ ಒಂದು ಸೊಟ್ಟ ಮೈಕ್ ಕೊಟ್ಟು ಹತ್ತು ನಿಮಿಷ ಅನ್ನೋದು ಅನ್ಯಾಯ.

ಟೈನಿ ಡೆಸ್ಕಿಗೆ ನನ್ನ ರೇಟಿಂಗು ಐದಕ್ಕೆ ನಾಲ್ಕೂವರೆ, ಅರ್ಧ ಕಡಿಮೆ ಮಾಡಿದ್ದು ನಮ್ಮ ಕಡೆ ಭಾಷೆಗಳಿಗೆ ಅಲ್ಲಿ ಇನ್ನೂ ಸರಿಯಾಗಿ ಜಾಗ ಸಿಗದೇ ಇರೋದಕ್ಕೆ. 2025ರಲ್ಲಿ ಅಮೆರಿಕ ಸರ್ಕಾರ ಸಾರ್ವಜನಿಕ ಪ್ರಸಾರಕ್ಕೆ ಕೊಡ್ತಿದ್ದ ಹಣ ನಿಲ್ಲಿಸ್ತು, ಕೇಳುಗರ ದೇಣಿಗೆ, ಪ್ರಾಯೋಜಕರ ದುಡ್ಡಿನ ಮೇಲೆ ಎನ್‌ಪಿಆರ್ ನಡೀತಿದೆ, ಇದು ನಿಲ್ದೇ ಇರ್ಲಿ. ಒಂದೇ ವಿಡಿಯೋಗೆ ಟೈಮ್ ಇರೋದು ಅಂದ್ರೆ ಗೇಲಿನ್ ಲೀ ನೋಡಿ, ಕುಣಿಯೋ ಮೂಡಲ್ಲಿದ್ರೆ ಆಂಡರ್ಸನ್ ಪಾಕ್. ಕನ್ನಡದಲ್ಲಿ ಯಾರಾದ್ರೂ ಹೀಗೆ ಒಂದೇ ರೂಮಲ್ಲಿ, ಟ್ರ್ಯಾಕ್ ಇಲ್ದೆ, ಎಕೋ ಇಲ್ದೆ ವಿಡಿಯೋ ಮಾಡ್ತಿದ್ರೆ ನಂಗೆ ಖಂಡಿತ ತಿಳಿಸಿ, ಇವತ್ತೇ ಸಬ್‌ಸ್ಕ್ರೈಬ್ ಆಗ್ತೀನಿ.